ಕೈ ಮೇಲಿನ ಎಕ್ಸ್ ಗುರುತು, 46 ಸೆಕೆಂಡಿನ ಹಾಡು

ಕಳೆದ ತಿಂಗಳು ಈ ಅಂಕಣದಲ್ಲಿ ಮೈನರ್ ಥ್ರೆಟ್ ಅನ್ನುವ ಅಮೆರಿಕದ ಹಾರ್ಡ್‌ಕೋರ್ ಪಂಕ್ (ಅತಿ ವೇಗದ, ಕೂಗಾಟದ ಪುಟ್ಟ ರಾಕ್ ಹಾಡುಗಳು) ಬ್ಯಾಂಡಿನ ಹೆಸರು ಒಂದೇ ಸಾಲಲ್ಲಿ ಬಂದು ಹೋಗಿತ್ತು. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂತ ನಾನು ಎಣಿಸಿರಲಿಲ್ಲ. ಅರ್ಧ ಕುತೂಹಲ, ಅರ್ಧ ಬೈಗುಳ. ಹಾಗಾಗಿ ಈ ಸಲ ಜಾಗವೆಲ್ಲ ಅವರಿಗೇ.

ಪ್ರಶ್ನೆ: ಹಾಸ್ಟೆಲಿನಿಂದ ರಜೆಗೆ ಬಂದ ನಮ್ಮ ಮಗ ಎರಡೂ ಮುಂಗೈ ಮೇಲೆ ಕಪ್ಪು ಮಾರ್ಕರಿನಲ್ಲಿ ದೊಡ್ಡ ಎಕ್ಸ್ ಬರೆದುಕೊಂಡಿದ್ದಾನೆ. ಕೇಳಿದರೆ ಮೈನರ್ ಥ್ರೆಟ್ ಅಂತಾನೆ. ಇದೇನು ಮಾಟಮಂತ್ರವೋ, ಗಾಂಜಾ ಗುಂಪೋ? ಅವರಪ್ಪ ಎರಡು ದಿನದಿಂದ ಮಾತು ಬಿಟ್ಟಿದ್ದಾರೆ. — ಮೈಸೂರು

ಉತ್ತರ: ಮೊದಲು ಅವರಪ್ಪನಿಗೆ ಕಾಫಿ ಕೊಟ್ಟು ಸಮಾಧಾನ ಮಾಡಿ ಅಮ್ಮಾ. ಆ ಗುರುತಿನ ಅರ್ಥ ನಾನು ಕುಡಿಯಲ್ಲ ಅಂತ!

ಕಥೆ ಹೀಗಿದೆ. ವಾಷಿಂಗ್ಟನ್ ಡಿ.ಸಿ.ಯ ಶಾಲಾ ಹುಡುಗರು ಟೀನ್ ಐಡಲ್ಸ್ ಅಂತ ಒಂದು ಬ್ಯಾಂಡ್ ಕಟ್ಟಿದ್ದರು. 1980ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಸ್ಯಾನ್ ಫ್ರಾನ್ಸಿಸ್ಕೋದ ಮಬುಹಾಯ್ ಗಾರ್ಡನ್ಸ್ ಅನ್ನುವ ಕ್ಲಬ್ಬಿನಲ್ಲಿ ನುಡಿಸಬೇಕಿತ್ತು. ಅಲ್ಲಿ ಹೆಂಡ ಮಾರುತ್ತಾರೆ, ಇವರಿಗೆ ಇನ್ನೂ ಕುಡಿಯುವ ವಯಸ್ಸಾಗಿಲ್ಲ. ಕ್ಲಬ್ಬಿನವರು ಒಂದು ಉಪಾಯ ಮಾಡಿದರು. ಹುಡುಗರ ಕೈ ಮೇಲೆ ದೊಡ್ಡ ಎಕ್ಸ್ ಬರೆದು ಒಳಗೆ ಬಿಟ್ಟರು. ಆ ಗುರುತು ಕಂಡರೆ ಕೌಂಟರಿನವನು ಗ್ಲಾಸು ಕೊಡುವಂತಿಲ್ಲ, ಅಷ್ಟೇ. ಊರಿಗೆ ವಾಪಸ್ ಬಂದ ಹುಡುಗರು ತಮ್ಮೂರಿನ 9:30 ಕ್ಲಬ್ಬಿನವರ ಹತ್ತಿರ ಹೋಗಿ, ನಮಗೂ ಹೀಗೇ ಎಕ್ಸ್ ಹಾಕಿ ಒಳಗೆ ಬಿಡಿ, ನಮಗೆ ಹಾಡು ಸಾಕು, ಕುಡಿತ ಬೇಡ ಅಂದರು. ಗ್ಲಾಸು ತಡೆಯಲು ಹಾಕುವ ಗುರುತನ್ನೇ ಒಳಗೆ ಹೋಗುವ ಚೀಟಿ ಮಾಡಿಕೊಂಡರು ನೋಡಿ, ನನಗೆ ಈ ಹುಡುಗರಲ್ಲಿ ತುಂಬಾ ಇಷ್ಟವಾದದ್ದು ಇದೇ.

ಅದೇ ವರ್ಷ ಟೀನ್ ಐಡಲ್ಸ್ ಮುಗಿಯಿತು. ಅದರಲ್ಲಿದ್ದ ಇಯಾನ್ ಮೆಕೈ ಮತ್ತು ಡ್ರಮ್ಸ್‌ನ ಜೆಫ್ ನೆಲ್ಸನ್ ಸೇರಿ ಮೈನರ್ ಥ್ರೆಟ್ ಶುರು ಮಾಡಿದರು. ಗಿಟಾರಿಗೆ ಲೈಲ್ ಪ್ರೆಸ್ಲರ್, ಬೇಸ್ ಗಿಟಾರಿಗೆ ಬ್ರಯಾನ್ ಬೇಕರ್. ಮೈನರ್ ಅಂದರೆ ವಯಸ್ಸಿಗೆ ಬಾರದವನು ಅಂತಲೂ ಆಗುತ್ತದೆ, ಸಣ್ಣದು ಅಂತಲೂ ಆಗುತ್ತದೆ. ಹೆಸರಲ್ಲೇ ತಮಾಷೆ ಇದೆ. ಅವರ 'ಸ್ಟ್ರೈಟ್ ಎಡ್ಜ್' ಅನ್ನುವ 46 ಸೆಕೆಂಡಿನ ಹಾಡಿನಿಂದ ಕುಡಿತ, ಸಿಗರೇಟು, ಡ್ರಗ್ಸ್ ಬೇಡ ಅನ್ನುವ ದೊಡ್ಡ ಗುಂಪೇ ಹುಟ್ಟಿಕೊಂಡಿತು, ಮತ್ತು ಆ ಗುಂಪಿಗೆ ಹೆಸರೂ ಈ ಹಾಡಿನದ್ದೇ.

ಒಂದೇ ಎಚ್ಚರಿಕೆ. ಆ ಗುಂಪಿನಲ್ಲಿ ಮುಂದೆ ಕೆಲವರು ಪಕ್ಕದವನ ಕೈಯಲ್ಲಿ ಬಿಯರ್ ಕಂಡರೆ ಜಗಳಕ್ಕೇ ಇಳಿಯುತ್ತಿದ್ದರು. ಮೆಕೈ ಅದನ್ನು ಒಪ್ಪಲಿಲ್ಲ. ಸೇದಲ್ಲ, ಕುಡಿಯಲ್ಲ ಅನ್ನುವ 'ಔಟ್ ಆಫ್ ಸ್ಟೆಪ್' ಹಾಡಿನ ಬಗ್ಗೆ ಬ್ಯಾಂಡಿನ ಒಳಗೇ ವಾದವಾಗಿತ್ತು. ಇದು ನಮ್ಮ ಮಾತೋ, ಊರಿಗೆಲ್ಲ ಉಪದೇಶವೋ ಅಂತ ನೆಲ್ಸನ್ ತಕರಾರು. ಅದಕ್ಕೇ 1983ರ ರೆಕಾರ್ಡಿಂಗಿನಲ್ಲಿ ಹಾಡಿನ ನಡುವೆ ಮೆಕೈ ಕೂಗಾಟ ನಿಲ್ಲಿಸಿ, ಇದು ನಿಯಮಗಳ ಪಟ್ಟಿ ಅಲ್ಲ ಅಂತ ಮಾತಾಡಿಯೇ ಹೇಳುತ್ತಾನೆ. ನಿಮ್ಮ ಮಗ ಚಿಕ್ಕಪ್ಪನ ಬೀಡಿ ಕಿತ್ತು ಎಸೆದರೆ ಆ ಜಾಗ ಹಾಕಿ ಕೇಳಿಸಿ.

ಪ್ರಶ್ನೆ: ನಾನು ಹನ್ನೆರಡು ವರ್ಷ ಹಿಂದೂಸ್ತಾನಿ ಕಲಿತವಳು. ನಿಮ್ಮ ಮಾತು ನಂಬಿ ಕೇಳಿದೆ. ತಲೆನೋವು ಬಂತು. ಇದರಲ್ಲಿ ಸಂಗೀತ ಎಲ್ಲಿದೆ, ತೋರಿಸಿ. — ಧಾರವಾಡ

ಉತ್ತರ: ಧಾರವಾಡದವರಿಗೆ ಇದನ್ನು ಒಪ್ಪಿಸುವುದು ಕಷ್ಟ ಬಿಡಿ. ನಾನೂ ಮೊದಲ ಸಲ ಗೆಳೆಯನ ಕ್ಯಾಸೆಟ್ಟಿನಲ್ಲಿ ಕೇಳಿದಾಗ ಪ್ಲೇಯರ್ ಕೆಟ್ಟು ಜೋರಾಗಿ ಓಡುತ್ತಿದೆ ಅಂತ ಬಟನ್ ಒತ್ತಿ ಒತ್ತಿ ನೋಡಿದ್ದೆ.

ಆಲಾಪ ಇಲ್ಲ, ವಿಲಂಬಿತ ಇಲ್ಲ, ನೇರ ಅತಿ ದ್ರುತ್. ಆದರೆ ಬರೀ ವೇಗ ಆಗಿದ್ದರೆ ನಾನೂ ಎದ್ದು ಹೋಗುತ್ತಿದ್ದೆ. 'ಫಿಲ್ಲರ್' ಅನ್ನುವ ಹಾಡನ್ನು ಇನ್ನೊಂದು ಸಲ ಹಾಕಿ, ಮಾತು ಬಿಟ್ಟು ಡ್ರಮ್ಸ್ ಮಾತ್ರ ಕೇಳಿ. ಥಪ್-ತಕ್ ಥಪ್-ತಕ್ ಅಂತ ಎರಡೇ ಪೆಟ್ಟು, ಒಂದು ಕೆಳಗೆ ಒಂದು ಮೇಲೆ, ಹೊಲಿಗೆ ಯಂತ್ರ ಓಡಿದ ಹಾಗೆ. ಅದರ ಮೇಲೆ ಗಿಟಾರ್ ಕೊಯ್ಯುತ್ತಾ ಹೋಗುತ್ತದೆ. ನಾಲ್ವರೂ ಒಟ್ಟಿಗೆ ತಟ್ಟನೆ ನಿಲ್ಲುತ್ತಾರೆ, ಒಟ್ಟಿಗೇ ಹೊರಡುತ್ತಾರೆ. ಅಷ್ಟು ಓಟದಲ್ಲಿ ಒಬ್ಬನೂ ತಪ್ಪುವುದಿಲ್ಲ. ಬ್ಯಾಂಡ್ ಶುರುವಾದಾಗ ಬೇಕರ್‌ಗೆ 15 ವರ್ಷ ಅನ್ನುವುದನ್ನೂ ನೆನಪಿಡಿ. ಇನ್ನು ಮೆಕೈ ಹಾಡುವುದಿಲ್ಲ, ಕೂಗುತ್ತಾನೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಎಷ್ಟೋ ಪಂಕ್ ಹಾಡುಗಾರರ ಹಾಗೆ ಮಾತು ನುಂಗುವುದಿಲ್ಲ, ಪದ ಪದವೂ ಕೇಳುತ್ತದೆ.

ಈ ವೇಗ ಅವರು ಕಲಿತದ್ದು ಅದೇ ಊರಿನ ಬ್ಯಾಡ್ ಬ್ರೇನ್ಸ್ ಹತ್ತಿರ. ಅವರು ಕಪ್ಪು ಹುಡುಗರು, ಮೊದಲು ಜಾಝ್ ಫ್ಯೂಶನ್ ನುಡಿಸಿ ಕೈ ಪಳಗಿಸಿಕೊಂಡು ಆಮೇಲೆ ಪಂಕ್‌ಗೆ ಬಂದವರು. ಡಿ.ಸಿ. ಹುಡುಗರಿಗೆ ಅವರೇ ಮೇಷ್ಟ್ರು. ನಿಮ್ಮ ಕಿವಿಗೆ ಬಹುಶಃ ಅವರೇ ಜಾಸ್ತಿ ಹಿಡಿಸಬಹುದು, ನಡುನಡುವೆ ಜಮೈಕಾದ ನಿಧಾನ ಲಯದ ರೆಗ್ಗೆಯೂ ಬರುತ್ತದೆ.

ಪ್ರಶ್ನೆ: ದೊಡ್ಡ ಕಂಪನಿ ಇಲ್ಲದೆ ಶಾಲೆ ಹುಡುಗರು ಆ ಕಾಲದಲ್ಲಿ ರೆಕಾರ್ಡ್ ಹೇಗೆ ತಂದರು? ಅಪ್ಪನ ದುಡ್ಡಾ? — ಹುಬ್ಬಳ್ಳಿ

ಉತ್ತರ: ಅಲ್ಲ ಸ್ವಾಮಿ. ಟೀನ್ ಐಡಲ್ಸ್ ಒಂದು ವರ್ಷ ಅಲ್ಲಿ ಇಲ್ಲಿ ನುಡಿಸಿ ಬಂದ ದುಡ್ಡನ್ನು ಯಾರೂ ಹಂಚಿಕೊಳ್ಳದೆ ಒಂದು ಕಡೆ ಕೂಡಿಟ್ಟಿದ್ದರು. ಸುಮಾರು 600 ಡಾಲರ್. ಬ್ಯಾಂಡ್ ಮುಗಿದಾಗ ಪಾಲು ಮಾಡೋಣವೋ, ನೆನಪಿಗೆ ರೆಕಾರ್ಡ್ ಮಾಡೋಣವೋ ಅನ್ನುವ ಪ್ರಶ್ನೆ ಬಂತು. ರೆಕಾರ್ಡ್ ಅಂತಾಯಿತು. ಅವರದೇ ರೆಕಾರ್ಡ್ ಕಂಪನಿ ಡಿಸ್ಕಾರ್ಡ್ ರೆಕಾರ್ಡ್ಸ್ ಹುಟ್ಟಿದ್ದು ಹಾಗೆ.

1000 ಪ್ರತಿ ಮಾಡಿಸಿದರು. ಕವರ್ ಮಾಡಿಸಲು ದುಡ್ಡಿಲ್ಲ. ಇಂಗ್ಲೆಂಡಿನ ಒಂದು ಏಳಿಂಚಿನ ರೆಕಾರ್ಡಿನ ಕವರನ್ನು ಅಂಟು ಬಿಡಿಸಿ, ಹರಡಿಟ್ಟು, ಅದರ ಅಂಚಿಗೆ ಸರಿಯಾಗಿ ಗೆರೆ ಎಳೆದುಕೊಂಡು ಅಳತೆ ತೆಗೆದರು. ಅದೇ ಅಳತೆಗೆ ಹಾಳೆ ಅಚ್ಚು ಹಾಕಿಸಿ, ಮನೆಯಲ್ಲಿ ಕೂತು ಕತ್ತರಿಯಲ್ಲಿ ಕತ್ತರಿಸಿ, ಮಡಚಿ, ಗೋಂದು ಹಚ್ಚಿದರು. ಆಮೇಲೆ ಬಂದ ರೆಕಾರ್ಡುಗಳಿಗೂ ಗೆಳೆಯರೆಲ್ಲ ಸೇರಿ ಇದೇ ಕೆಲಸ. ಮೈನರ್ ಥ್ರೆಟ್‌ನ ಮೊದಲ ರೆಕಾರ್ಡ್ 1981ರಲ್ಲಿ ಬಂತು, ಎಂಟು ಹಾಡು, ಡಿಸ್ಕಾರ್ಡ್‌ನ ಮೂರನೆಯದು. ರೆಕಾರ್ಡಿಂಗ್ ನಡೆದದ್ದು ಡಿ.ಸಿ. ಪಕ್ಕದ ಆರ್ಲಿಂಗ್ಟನ್‌ನಲ್ಲಿ ಡಾನ್ ಝಿಯೆಂಟಾರಾ ತಮ್ಮ ಮನೆಯಲ್ಲೇ ಮಾಡಿಕೊಂಡಿದ್ದ ಇನ್ನರ್ ಇಯರ್ ಸ್ಟುಡಿಯೋದಲ್ಲಿ.

ಆ ರೆಕಾರ್ಡಿನ ಕವರ್ ಮೇಲೆ ಮೆಟ್ಟಿಲ ಮೇಲೆ ಕೂತು ತೋಳಿನ ಮೇಲೆ ಬೋಳುತಲೆ ಇಟ್ಟ ಹುಡುಗನ ಫೋಟೊ ಇದೆ. ಅವನು ಇಯಾನ್ ಮೆಕೈನ ತಮ್ಮ ಅಲೆಕ್. 2005ರಲ್ಲಿ ನೈಕಿ ಕಂಪನಿ ತನ್ನ ಸ್ಕೇಟ್‌ಬೋರ್ಡ್ ಪ್ರಚಾರಕ್ಕೆ ಕೇಳದೆ ಇದೇ ಚಿತ್ರದ ನಕಲು ಮಾಡಿ, ಮೇಲೆ 'ಮೇಜರ್ ಥ್ರೆಟ್' ಅಂತ ಬರೆಯಿತು. ಅಭಿಮಾನಿಗಳು ಸುಮ್ನೆ ಬಿಡುತ್ತಾರಾ? ಕಂಪನಿ ಕ್ಷಮೆ ಕೇಳಬೇಕಾಯಿತು.

ಪ್ರಶ್ನೆ: ಅವರ 'ಗಿಲ್ಟಿ ಆಫ್ ಬೀಯಿಂಗ್ ವೈಟ್' ಹಾಡು ಜನಾಂಗದ್ವೇಷದ್ದು ಅನ್ನುತ್ತಾರೆ. ಇಂಥವರನ್ನು ಹೊಗಳುವುದು ಸರಿಯೇ? — ಮಂಗಳೂರು

ಉತ್ತರ: ಕೇಳಬೇಕಾದ ಪ್ರಶ್ನೆಯೇ. ಡಿ.ಸಿ.ಯಲ್ಲಿ ಆಗ ಕಪ್ಪು ಜನರೇ ಜಾಸ್ತಿ. ಮೆಕೈ ಓದಿದ ಶಾಲೆಯಲ್ಲೂ ಬಿಳಿ ಹುಡುಗರು ಕಡಿಮೆ. ಹಿಂದಿನವರ ತಪ್ಪಿಗೆ ನನ್ನನ್ನು ಯಾಕೆ ಹೊಡೆಯುತ್ತೀರಿ ಅನ್ನುವ ಹುಡುಗನ ಸಿಟ್ಟು ಅದು. ಇದು ದ್ವೇಷದ ವಿರುದ್ಧದ ಹಾಡು ಅಂತಲೇ ಅವನು ಹೇಳುತ್ತಾ ಬಂದಿದ್ದಾನೆ. ನಾನು ನಂಬುತ್ತೇನೆ. ಆದರೂ ಹಾಡು ಕಚ್ಚಾ. ಹದಿಹರೆಯದವನು ತನ್ನ ಶಾಲೆಯ ಅಂಗಳ ನೋಡಿ ಬರೆದ, ಶಾಲೆಯ ಆಚೆ ಯಾರ ಕೈಯಲ್ಲಿ ಏನಿದೆ ಅಂತ ನೋಡಲಿಲ್ಲ. ಮುಂದೆ 1996ರಲ್ಲಿ ಸ್ಲೇಯರ್ ಬ್ಯಾಂಡ್ ಇದೇ ಹಾಡನ್ನು ಹಾಡುವಾಗ ಕೊನೆಗೆ 'ವೈಟ್' ಜಾಗದಲ್ಲಿ 'ರೈಟ್' ಅಂತ ಹಾಕಿತು. ಅರ್ಥವೇ ತಲೆಕೆಳಗು. ಮೆಕೈಗೆ ಅದು ತೀರಾ ಕೆಟ್ಟದೆನಿಸಿತು. ಅನಿಸಲೇಬೇಕು, ಆದರೆ ಹಾಗೆ ತಿರುಚಲು ಸುಲಭವಾಗುವಂತೆ ಬರೆದದ್ದೂ ಅವನೇ ಅಲ್ವಾ?

ಪ್ರಶ್ನೆ: ಹೆನ್ರಿ ರೋಲಿನ್ಸ್‌ಗೂ ಇವರಿಗೂ ಏನು ಸಂಬಂಧ? — ಶಿವಮೊಗ್ಗ

ಉತ್ತರ: ಮೆಕೈನ ಬಾಲ್ಯದ ಗೆಳೆಯ. ಇಬ್ಬರೂ ಡಿ.ಸಿ.ಯ ಜಾರ್ಜ್‌ಟೌನ್ ಬಡಾವಣೆಯ ಒಂದೇ ಐಸ್‌ಕ್ರೀಂ ಅಂಗಡಿಯಲ್ಲಿ ಕೆಲಸಕ್ಕಿದ್ದರು. 1981ರಲ್ಲಿ ರೋಲಿನ್ಸ್ ಐಸ್‌ಕ್ರೀಂ ಬಿಟ್ಟು ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಫ್ಲ್ಯಾಗ್ ಬ್ಯಾಂಡಿಗೆ ಹಾಡುಗಾರನಾಗಿ ಹೋದ.

ಪ್ರಶ್ನೆ: ಇಷ್ಟು ಹೆಸರಿದ್ದೂ ಮೂರೇ ವರ್ಷಕ್ಕೆ ಯಾಕೆ ಮುಚ್ಚಿದರು? ಈಗ ಎಲ್ಲಿಂದ ಕೇಳಲು ಶುರು ಮಾಡಲಿ? — ಬೆಂಗಳೂರು

ಉತ್ತರ: ನಡುವೆ ಒಮ್ಮೆ ಪ್ರೆಸ್ಲರ್ ಕಾಲೇಜಿಗೆ ಹೋದಾಗಲೇ ನಿಂತಿತ್ತು, 1982ರಲ್ಲಿ ಮತ್ತೆ ಸೇರಿದರು. ಬೇಕರ್ ಗಿಟಾರಿಗೆ ಬಂದ, ಬೇಸ್‌ಗೆ ಸ್ಟೀವ್ ಹ್ಯಾನ್ಸ್‌ಗನ್ ಬಂದು ಹೋದ. 1983ರ ಹೊತ್ತಿಗೆ ಉಳಿದವರಿಗೆ ದೊಡ್ಡ ರಾಕ್ ಬ್ಯಾಂಡುಗಳ ಕಡೆಗೆ ಮನಸ್ಸು, ಮೆಕೈಗೆ ಅದು ಬೇಡ. ಅತ್ತ ಅಭಿಮಾನಿಗಳು, ನೀವು ದುಡ್ಡು ಮಾಡುತ್ತಿದ್ದೀರಿ ಅಂತ ಗೊಣಗುತ್ತಿದ್ದರು. ಹೌದು, ದುಡ್ಡಿಗೇ ಬಂದೆವು ಅಂತ ಅಣಕಿಸಿ 'ಕ್ಯಾಶಿಂಗ್ ಇನ್' ಅನ್ನುವ ಹಾಡನ್ನೇ ಮಾಡಿದರು. ಅದೇ ಮೆಕೈ ಮುಂದೆ ಫುಗಾಜಿ ಅನ್ನುವ ಬ್ಯಾಂಡಿನಲ್ಲಿ ಟಿಕೆಟ್ ಬೆಲೆ ಐದು ಡಾಲರಿನ ಆಸುಪಾಸು ಇರಲಿ, ಎಲ್ಲ ವಯಸ್ಸಿನವರಿಗೂ ಬಾಗಿಲು ತೆರೆದಿರಲಿ ಅಂತ ವರ್ಷಗಟ್ಟಲೆ ಹಟ ಹಿಡಿದ.

ಕೊನೆಯ ಕಾರ್ಯಕ್ರಮ 1983ರ ಸೆಪ್ಟೆಂಬರ್ 23. ಅದೇ ಡಿಸೆಂಬರಿನಲ್ಲಿ, ಬ್ಯಾಂಡ್ ಮುಗಿದ ಮೇಲೆ, 'ಸಾಲಡ್ ಡೇಸ್' ರೆಕಾರ್ಡ್ ಮಾಡಿದರು. ಅದು ಹೊರಬಂದದ್ದು 1985ರಲ್ಲಿ.

ಶುರು ಮಾಡಲು 1989ರ 'ಕಂಪ್ಲೀಟ್ ಡಿಸ್ಕಾಗ್ರಫಿ' ಸಾಕು. 26 ಹಾಡು, ಸುಮಾರು 47 ನಿಮಿಷ. ಮನೆಯವರು ಅಡುಗೆಮನೆಯಿಂದ ಬಂದು ಇದೇನು ಗಲಾಟೆ ಅಂತ ಕೇಳುವಷ್ಟರಲ್ಲಿ ಮೂರು ಹಾಡು ಮುಗಿದಿರುತ್ತದೆ.