ಬೋರರ್ ರೀಲ್ಸ್ ಹಾಕಿದವರಿಗೆ: ಫಿಲ್ಟರ್ ತೆಗೆಯಿರಿ, ಎಲೆ ಮಗುಚಿ

ಮೂಡಿಗೆರೆ ಕಡೆಯಿಂದ ಬೋರರ್ (ಕಾಫಿ ಗಿಡದ ಕಾಂಡ ಕೊರೆದು ತಿನ್ನೋ ಹುಳ) ವಿಡಿಯೋ ಹಾಕಿ, "ಮೊದಲು ಹೀಗಿತ್ತು, ಆಮೇಲೆ ಹೀಗಾಯಿತು ಅನ್ನೋ ಕಾಂಟ್ರಾಸ್ಟ್ ಇಟ್ಟರೂ ಜನ ಎರಡನೇ ಸೆಕೆಂಡಿಗೇ ತಳ್ಳಿಕೊಂಡು ಹೋಗುತ್ತಾರೆ, ಎಲ್ಲಿ ತಪ್ಪಿದೆ?" ಅಂತ ಕೇಳಿದ್ದೀರಲ್ಲ, ಈ ಉತ್ತರ ನಿಮಗೆ. ನಿಮ್ಮ ವಿಡಿಯೋದಲ್ಲಿ ಮೊದಲು ಒಣಗಿದ ಗಿಡ, ಕಪ್ಪು-ಬಿಳುಪು, ಹಿಂದೆ ಅಳುವ ಪಿಟೀಲು. ಆಮೇಲೆ ಢಂ ಅಂತ ಒಂದು ಸದ್ದು, ಹಸಿರು ತೋಟದ ಡ್ರೋನ್ ಶಾಟ್, ಮೇಲೆ ಕೆಂಪಕ್ಷರದಲ್ಲಿ "ಒಂದೇ ತಿಂಗಳಲ್ಲಿ!". ಕೆಳಗೆ ಎಲ್ಲರೂ ಸೂಪರ್ ಬ್ರದರ್ ಅಂದಿದ್ದಾರೆ. ನಾನೂ ಶುರುವಿನಲ್ಲಿ ಇದೇ ಥರ ಮಾಡಿಕೊಂಡಿದ್ದವನು, ಹಾಗಾಗಿ ಸೂಪರ್ ಅನ್ನೋಕೆ ಮನಸ್ಸು ಬರಲಿಲ್ಲ.

ಬೈಯೋದನ್ನು ಮೊದಲೇ ಮುಗಿಸಿಬಿಡುತ್ತೇನೆ. ಒಣಗಿದ ಗಿಡ ಅರೇಬಿಕಾ. ಡ್ರೋನ್ ಕೆಳಗೆ ಇಳಿದಾಗ ಕಾಣುವ ಎಲೆಯ ಅಗಲ ನೋಡಿದರೆ ಅದು ರೋಬಸ್ಟಾ, ಕಾಫಿಯ ಇನ್ನೊಂದು ಜಾತಿ. ಬಿಳಿ ಕಾಂಡ ಕೊರಕಕ್ಕೆ, ಅಂದರೆ ಈ ಬೋರರ್‌ಗೆ, ಬೇಕಾಗಿರೋದು ಅರೇಬಿಕಾ, ರೋಬಸ್ಟಾ ತಂಟೆಗೆ ಹೋಗೋದಿಲ್ಲ ಅಂತ ಈ ಗುಂಪಿನಲ್ಲಿ ಯಾರಿಗೆ ಗೊತ್ತಿಲ್ಲ ಮಾರಾಯ್ರೆ? ಅದೂ ಅಲ್ಲದೆ ಬೋರರ್ ತಿಂದು ಒಣಗಿಸಿದ ಗಿಡ ಒಂದು ತಿಂಗಳಲ್ಲಿ ಹಸಿರಾಗೋದು ಎಲ್ಲಿಯ ಮಾತು? ಕಿತ್ತು ಸುಡೋದೇ ಅದಕ್ಕೆ ಮದ್ದು. ತೋಟದವರು ನಂಬಲಿಲ್ಲ, ಹೋದರು. ತೋಟ ಗೊತ್ತಿಲ್ಲದವರಿಗೆ ಎರಡು ಬೇರೆ ವಿಡಿಯೋ ಅಂಟಿಸಿದ ಹಾಗೆ ಕಂಡಿತು, ಅವರೂ ಹೋದರು.

ಕಾಂಟ್ರಾಸ್ಟ್ ಕೆಲಸ ಮಾಡೋದು ಉಳಿದದ್ದೆಲ್ಲ ಒಂದೇ ಆಗಿದ್ದಾಗ. ಅದೇ ಜಾಗ, ಅದೇ ಬೆಳಕು, ಅದೇ ಕೈ. ಬದಲಾಗೋದು ಒಂದೇ ಒಂದು. 1933ರಲ್ಲಿ ಹೆಡ್ವಿಗ್ ಫಾನ್ ರೆಸ್ಟಾರ್ಫ್ ಅನ್ನೋ ಮನಶ್ಶಾಸ್ತ್ರಜ್ಞೆ ಇದನ್ನು ಪ್ರಯೋಗ ಮಾಡಿ ಬರೆದರು. ಒಂದೇ ಥರದ ಪಟ್ಟಿಯಲ್ಲಿ ಬೇರೆ ಥರದ್ದು ಒಂದಿದ್ದರೆ ಅದು ನೆನಪಿನಲ್ಲಿ ಚೆನ್ನಾಗಿ ಉಳಿಯುತ್ತದೆ. ಪಟ್ಟಿಯಲ್ಲಿ ಎಲ್ಲವೂ ಬೇರೆ ಬೇರೆ ಆದರೆ ಯಾವುದೂ ಎದ್ದು ಕಾಣೋದಿಲ್ಲ. ನಿಮ್ಮ ವಿಡಿಯೋದಲ್ಲಿ ಬಣ್ಣ ಬದಲು, ಸದ್ದು ಬದಲು, ಕ್ಯಾಮೆರಾ ಎತ್ತರ ಬದಲು, ಗಿಡದ ಜಾತಿಯೂ ಬದಲು. ನೋಡುವವರು ಯಾವುದನ್ನು ಯಾವುದಕ್ಕೆ ಹೋಲಿಸಬೇಕು?

ನಾನು ಬಿಡದೆ ಹಿಡಿದುಕೊಂಡಿರೋದು ಒಂದೇ ಶಾಟ್. ಮಗುಚೋ ಶಾಟ್ ಅಂತ ನಮ್ಮ ಮನೆಯಲ್ಲಿ ಅದಕ್ಕೆ ಹೆಸರು. ತುಕ್ಕು ರೋಗ ಹಿಡಿದ ಅರೇಬಿಕಾ ಎಲೆ ತಗೊಳ್ಳಿ. ಮೇಲಿನಿಂದ ನೋಡಿದರೆ ಒಂದೆರಡು ತಿಳಿ ಹಳದಿ ಮಚ್ಚೆ, ಅಷ್ಟೇ. ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ. ಮಗುಚಿದರೆ ಕಿತ್ತಳೆ ಬಣ್ಣದ ಪುಡಿ. ಒರೆಸಿದರೆ ಬೆರಳಿಗೂ ಮೆತ್ತುತ್ತದೆ. ಅದೇ ಎಲೆ, ಅದೇ ಕೈ, ನಡುವೆ ಕಟ್ ಇಲ್ಲ. ಮೋಸ ಮಾಡೋಕೆ ಜಾಗವೇ ಇಲ್ಲವಲ್ಲ, ಅದಕ್ಕೇ ಜನ ನಿಲ್ಲುತ್ತಾರೆ. ಇದೇ ತುಕ್ಕು 1869ರಲ್ಲಿ ಸಿಲೋನಿನಲ್ಲಿ (ಈಗಿನ ಶ್ರೀಲಂಕಾ) ಕಾಣಿಸಿಕೊಂಡಿತು. ಮುಂದಿನ ವರ್ಷಗಳಲ್ಲಿ ಅಲ್ಲಿಯ ಕಾಫಿಯನ್ನೇ ಮುಗಿಸಿತು, ಅವರು ಟೀಗೆ ತಿರುಗಿದರು. ಈ ಮಾತನ್ನು ಬೆರಳ ಮೇಲಿನ ಪುಡಿ ತೋರಿಸುತ್ತಾ ಹೇಳಿ, ಬೆಂಗಳೂರಿನವರೂ ಕೇಳುತ್ತಾರೆ. ಮಗುಚೋ ಮೊದಲೇ ಹೇಳಿದರೆ ಸ್ಕೂಲ್ ಪಾಠ.

ತೆಗೆಯೋವಾಗ ಫೋನ್ ಸ್ಟ್ಯಾಂಡ್ ಮೇಲಿರಲಿ. ಎಲೆ ಕಾಣುವ ಕಡೆ ಸ್ಕ್ರೀನ್ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ. ಹೆಚ್ಚಿನ ಫೋನ್‌ಗಳಲ್ಲಿ ಹೀಗೇ ಇದೆ. ಲಾಕ್ ಮಾಡದಿದ್ದರೆ ಎಲೆ ಮಗುಚಿದ ಕೂಡಲೇ ಫೋನ್ ತಾನೇ ಬೆಳಕು ಸರಿ ಮಾಡೋಕೆ ಹೊರಡುತ್ತದೆ. ಒಂದು ಗಳಿಗೆ ಎಲ್ಲ ಮಸುಕು. ಜನ ಹೋಗೋದೂ ಅದೇ ಗಳಿಗೆಯಲ್ಲಿ. ಸಿಲ್ವರ್ ಓಕ್ ಕೆಳಗೆ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ, ಅಲ್ಲಿ ರೋಗದ ಚುಕ್ಕೆ ಯಾವುದು ಬಿಸಿಲಿನ ಚುಕ್ಕೆ ಯಾವುದು ಗೊತ್ತಾಗೋದಿಲ್ಲ. ಮೋಡದ ದಿನ ತೆಗೆಯಿರಿ, ಇಲ್ಲವೇ ಬೆಳಿಗ್ಗೆ ಬೇಗ. ತೊಟ್ಟು ಹಿಡಿದು ಮಗುಚಿ, ತುದಿ ಹಿಡಿದರೆ ಗಾಳಿಗೆ ಅಲ್ಲಾಡುತ್ತದೆ. ಮೇಲ್ಭಾಗ ಒಂದು ಸೆಕೆಂಡಾದರೂ ಕಾಣಬೇಕು. ಅದಕ್ಕಿಂತ ಕಡಿಮೆಯಾದರೆ "ಎಲೆ ಚೆನ್ನಾಗಿದೆ" ಅನ್ನೋದು ಮನಸ್ಸಿನಲ್ಲಿ ಕೂರೋದಿಲ್ಲ, ಜಾಸ್ತಿಯಾದರೆ ತಳ್ಳುತ್ತಾರೆ. ಮಗುಚೋವರೆಗೆ ಬಾಯಿ ತೆರೆಯಬೇಡಿ. "ನಮಸ್ಕಾರ ಸ್ನೇಹಿತರೇ, ಇವತ್ತಿನ ವಿಡಿಯೋದಲ್ಲಿ" ಅಂತ ಶುರು ಮಾಡೋರಿಗೆ ನನ್ನ ಹತ್ತಿರ ಔಷಧ ಇಲ್ಲ. ಕೈಗೆ ಮಣ್ಣಾಗಿದ್ದರೆ ಇರಲಿ. ತೋಟದಲ್ಲಿ ಕೆಲಸ ಮಾಡೋ ಕೈ ಅಂತ ಗೊತ್ತಾಗಲಿ.

ಮಳೆ ಬಿದ್ದ ಮಾರನೇ ದಿನ ಈ ಶಾಟ್ ಬೇಡ, ಪುಡಿ ತೊಳೆದು ಹೋಗಿರುತ್ತದೆ. ಹೊಳಪು ಬರಲಿ ಅಂತ ನೀರು ಚಿಮುಕಿಸೋದೂ ಬೇಡ. ಹಾಗೇ ಪ್ರತಿ ವಿಡಿಯೋದಲ್ಲೂ ಮಗುಚಿದರೆ ನಿಮ್ಮ ಫಾಲೋವರ್‌ಗಳಿಗೆ ಮೊದಲೇ ಗೊತ್ತಾಗಿಬಿಡುತ್ತದೆ. ನಡುನಡುವೆ, ಮಗುಚಿದರೂ ಏನೂ ಇಲ್ಲದ ಚೊಕ್ಕ ಎಲೆ ತೋರಿಸಿ. ಚಂದ್ರಗಿರಿ, ಹಳೇ 795 ಅನ್ನೋ ಅರೇಬಿಕಾ ತಳಿ ಎರಡೂ ಒಂದೇ ಸಾಲಿನಲ್ಲಿದ್ದರೆ ಎರಡು ಕೈಯಲ್ಲಿ ಎರಡು ಎಲೆ ಹಿಡಿದು ಒಟ್ಟಿಗೆ ಮಗುಚಬಹುದು, ಚೆಂದ ಕಾಣುತ್ತದೆ. ಆದರೆ ಎರಡು ಎಲೆ ನೋಡಿ ತಳಿ ಬಗ್ಗೆ ತೀರ್ಪು ಕೊಡೋಕೆ ಹೋಗಬೇಡಿ. ನೆರಳು ಎಷ್ಟಿತ್ತು, ಬೋರ್ಡೋ (ತುಕ್ಕಿಗೆ ಹೊಡೆಯೋ ದ್ರಾವಣ) ಯಾವಾಗ ಹೊಡೆದಿರಿ, ಗಿಡದ ಮೇಲೆ ಫಸಲಿನ ಭಾರ ಎಷ್ಟು, ಎಲ್ಲ ಸೇರಿಕೊಂಡಿರುತ್ತದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ವರ್ಷಗಟ್ಟಲೆ ನೋಡಿ ಹೇಳೋದನ್ನು ನಾವು ಹದಿನೈದು ಸೆಕೆಂಡಿನಲ್ಲಿ ಹೇಳೋದು ಬೇಡ.

ಹಾಸನದ ಆಲೂಗಡ್ಡೆಯವರೂ ಈ ಗುಂಪಿನಲ್ಲಿದ್ದೀರಿ, ನಿಮಗೂ ಇದು ನಡೆಯುತ್ತದೆ. ಅಂಗಮಾರಿ ರೋಗ ಬಂದ ಎಲೆಯ ಮೇಲೆ ಕಂದು ಮಚ್ಚೆ, ಕೆಳಗೆ ಬಿಳಿ ಬೂಷ್ಟು. ಬೆಳಗಿನ ತೇವ ಇರುವಾಗಲೇ ತೆಗೆಯಬೇಕು, ಬಿಸಿಲೇರಿದ ಮೇಲೆ ಆ ಬಿಳಿ ಸರಿಯಾಗಿ ಕಾಣೋದಿಲ್ಲ. ಕಣದಲ್ಲಿ ಚೆರ್ರಿ (ಸಿಪ್ಪೆ ಸಮೇತ ಒಣಗಿಸೋ ಕಾಫಿ ಹಣ್ಣು) ದಪ್ಪಗೆ ಹರಡಿದವರು ಮೇಲೆ ಒಣಗಿದ್ದನ್ನು ತೋರಿಸಿ, ಒಂದೇ ಎಳೆತಕ್ಕೆ ಕೆಳಗಿನ ಹಸಿ ಎಳೆದು ತೋರಿಸಿದರೆ ಸಾಕು.

ಈಗ ನಿಮ್ಮ ಬೋರರ್. ಸೆಪ್ಟೆಂಬರ್, ಟ್ರೇಸಿಂಗ್ (ಬೋರರ್ ಹಿಡಿದ ಗಿಡ ಹುಡುಕಿ ತೆಗೆಯೋದು) ಹೇಗೂ ಮಾಡಿಸುತ್ತಿರುತ್ತೀರಿ. ಒಣಗಿದ ಗಿಡ ತೋರಿಸಬೇಡಿ. ಒಣಗಿದ ಗಿಡದೊಳಗೆ ಹುಳ ಇದೆ ಅಂದರೆ ಅದರಲ್ಲಿ ಏನು ಆಶ್ಚರ್ಯ? ಇನ್ನೂ ಹಸಿರಿರುವ, ಕಾಯಿ ಹೊತ್ತಿರುವ, ಆದರೆ ಕಾಂಡದ ಮೇಲೆ ಉಬ್ಬು ಗೆರೆ ಬಂದಿರುವ ಗಿಡ ಹುಡುಕಿ. ಕಾಯಿ ಗೊಂಚಲು ಒಂದು ಸೆಕೆಂಡು. ಕ್ಯಾಮೆರಾ ಹಾಗೇ ಕಾಂಡಕ್ಕೆ ಇಳಿಯಲಿ. ಉಬ್ಬಿನ ಹತ್ತಿರ ಕತ್ತಿಯಲ್ಲಿ ಸೀಳಿ. ಒಳಗೆ ಹುಡಿ ತುಂಬಿದ ಸುರಂಗ, ಸಿಕ್ಕರೆ ಹುಳವೂ. ಪಿಟೀಲು ಬೇಡ, ಕತ್ತಿಯ ಸದ್ದೊಂದೇ ಸಾಕು. ಆಮೇಲೆ ಮಾತಾಡಿ: ಬಿಸಿಲು ನೇರವಾಗಿ ಬೀಳುವ ಕಾಂಡಕ್ಕೆ ಇದು ಜಾಸ್ತಿ, ಮರಗಸಿ (ನೆರಳಿನ ಮರದ ಕೊಂಬೆ ಕಡಿಯೋದು) ಅತಿಯಾದರೆ ಹೀಗೆ, ಅಂತ. ಇದು ಹತ್ತನೇ ಸೆಕೆಂಡಿನೊಳಗೆ ಬರಬೇಕು. ಬೆಚ್ಚಿಬೀಳಿಸಿ ಕಾರಣ ಹೇಳದೆ ಎಳೆದಾಡಿದರೆ ಅಲ್ಲೊಂದು ಸಲ ಜನ ಹೋಗುತ್ತಾರೆ, ಹಾಗೆ ಹೋದವರು ಮತ್ತೆ ಬರೋದಿಲ್ಲ.

ಸದ್ದಿನ ವಿಷಯ ಬಂತಲ್ಲ. ನಿಮ್ಮ ವಿಡಿಯೋಗಿಂತ ಒಂದು ಕ್ಷಣ ಮೊದಲು ಅವರು ಏನು ನೋಡುತ್ತಿದ್ದರು ಅಂತ ಯೋಚಿಸಿದ್ದೀರಾ? ಯಾವುದೋ ಡ್ಯಾನ್ಸು, ಯಾವುದೋ ಕೂಗಾಟ. ಕಾಂಟ್ರಾಸ್ಟಿನ ಮೊದಲ ಅರ್ಧ ಅಲ್ಲೇ ಪುಕ್ಕಟೆ ಸಿಕ್ಕಿದೆ. ಸಂತೆಯಲ್ಲಿ ಎಲ್ಲರೂ ಕೂಗುವಾಗ ಸುಮ್ನೆ ನಿಂತವನ ಕಡೆಯೇ ಕಣ್ಣು ಹೋಗೋದು. ಒಂದು ಸೆಕೆಂಡು ನಿಶ್ಶಬ್ದ, ಆಮೇಲೆ ಕಾಂಡ ಸೀಳೋ ಸದ್ದು. ಆದರೆ ಮ್ಯೂಟ್‌ನಲ್ಲಿ ನೋಡೋರೂ ಇದ್ದಾರೆ, ಅವರಿಗಾಗಿ ಒಂದು ಸಾಲು ಅಕ್ಷರ ಬೇಕು. ಒಂದೇ ಸಾಲು. ಸ್ಕ್ರೀನಿನ ಕೆಳಗೆ ಹಾಕಬೇಡಿ, ಅಲ್ಲಿ ಹೆಸರು, ಬಟನ್ನು ಬಂದು ಮುಚ್ಚಿಬಿಡುತ್ತವೆ.

ಆ ಸಾಲಿನಲ್ಲಿ ಏನು ಬರೆಯಬೇಕು ಅನ್ನೋದು ಯಾರಿಗಾಗಿ ವಿಡಿಯೋ ಅನ್ನೋದರ ಮೇಲೆ ನಿಂತಿದೆ. ಹೂಮಳೆ ಬಿದ್ದು ಕಾಫಿ ಹೂವಿನಿಂದ ತೋಟ ಬೆಳ್ಳಗಾದರೆ ಕಾಫಿ ಸೀಮೆಯ ಆಲ್ದೂರಿನವರು ತಿರುಗಿಯೂ ನೋಡೋದಿಲ್ಲ, ಬೆಂಗಳೂರಿನವರು ಬಾಯಿ ಬಿಟ್ಟು ನೋಡುತ್ತಾರೆ. ಬೋರರ್ ಸುರಂಗ ಉಲ್ಟಾ. ನಮಗೆ ಎದೆ ಧಸಕ್ ಅನ್ನುತ್ತದೆ, ಅವರಿಗೆ ಅದು ಒಂದು ಕಟ್ಟಿಗೆ ತುಂಡು. ಕುತೂಹಲ ಹುಟ್ಟೋದು ನಮಗೆ ಗೊತ್ತಿರೋದಕ್ಕೂ ಗೊತ್ತಾಗಬೇಕು ಅನಿಸೋದಕ್ಕೂ ನಡುವಿನ ಸಂದಿನಲ್ಲಿ ಅಂತ ಜಾರ್ಜ್ ಲೋವೆನ್‌ಸ್ಟೈನ್ ಅನ್ನೋ ಅರ್ಥಶಾಸ್ತ್ರಜ್ಞ 1994ರಲ್ಲಿ ಬರೆದಿದ್ದಾರೆ. ಏನೂ ಗೊತ್ತಿಲ್ಲದವರಿಗೆ ಆ ಸಂದೇ ಇರೋದಿಲ್ಲ. ಹಾಗಾಗಿ ಊರಿನ ಹೊರಗಿನವರಿಗೆ "ಈ ಗಿಡ ನೋಡೋಕೆ ಚೆನ್ನಾಗಿದೆ, ಅಲ್ವಾ?" ಅಂತ ಹಾಕಿ. ತೋಟದವರಿಗೆ ಅದೇ ಸಾಲು ಹಾಕಿದರೆ ನಗುತ್ತಾರೆ. ಅವರಿಗೆ "ಈ ಗಿಡ ಟ್ರೇಸಿಂಗ್‌ನಲ್ಲಿ ಬಿಟ್ಟುಹೋಗಿತ್ತು" ಅಂದರೆ ಸಾಕು, ನಿಲ್ಲುತ್ತಾರೆ. ನಿಜವಾಗಿ ಬಿಟ್ಟುಹೋಗಿದ್ದರೆ ಮಾತ್ರ ಮತ್ತೆ.

ಎಷ್ಟೋ ಸಲ ಮೊದಲ ಅರ್ಧ ತೋರಿಸೋದೇ ಬೇಡ, ಅದು ಜನರ ತಲೆಯಲ್ಲೇ ಇರುತ್ತದೆ. ಕಾಫಿ ಪುಡಿ ಅಂಗಡಿ ಇಟ್ಟಿರುವ ನನ್ನ ಭಾವನಿಗೆ ಇದನ್ನೇ ಹೇಳಿಕೊಟ್ಟೆ. ಎರಡು ಲೋಟ ಡಿಕಾಕ್ಷನ್, ಒಂದು ತಿಳಿ, ಒಂದು ಕಪ್ಪು. ಮೇಲೆ ಒಂದು ಸಾಲು: "ಕಪ್ಪಗಿರೋದರಲ್ಲೇ ಕಾಫಿ ಕಡಿಮೆ." ಗಾಢವಾಗಿದ್ದರೆ ಸ್ಟ್ರಾಂಗ್ ಕಾಫಿ ಅಂತ ಎಲ್ಲರೂ ನಂಬಿದ್ದಾರಲ್ಲ, ಆ ನಂಬಿಕೆಯೇ ಅರ್ಧ ವಿಡಿಯೋ. ಆಮೇಲೆ ಕಾಫಿಗೆ ಬೆರೆಸೋ ಚಿಕೋರಿ ಬೇರಿನ ಪುಡಿ ಬಣ್ಣ ಕೊಡುತ್ತದೆ ಅಂತಲೂ, ಕಾಫಿ-ಚಿಕೋರಿ ಮಿಶ್ರಣದಲ್ಲಿ ಕನಿಷ್ಠ 51 ಭಾಗ ಕಾಫಿ ಇರಬೇಕು ಅಂತ ಕಾನೂನಿದೆ ಅಂತಲೂ ಹೇಳಬೇಕು. ಆದರೆ ಎರಡಕ್ಕೂ ಒಂದೇ ಹುರಿತದ ಬೀಜ ಇರಬೇಕು. ಹುರಿತ ಬೇರೆ ಮಾಡಿ ಬಣ್ಣ ತೋರಿಸಿದರೆ ಅದು ನಿಮ್ಮ ಅರೇಬಿಕಾ-ರೋಬಸ್ಟಾ ಕಥೆಯೇ.

ಅಳತೆ ತೋರಿಸುವಾಗ ದೊಡ್ಡದು ಮೊದಲು. ಒಂದು ಕೈ ಬಿಸಿನೀರಿನಲ್ಲಿ, ಇನ್ನೊಂದು ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಎರಡನ್ನೂ ಒಂದೇ ಉಗುರು ಬೆಚ್ಚಗಿನ ನೀರಿಗೆ ಹಾಕಿದರೆ ಒಂದಕ್ಕೆ ತಣ್ಣಗೆ, ಒಂದಕ್ಕೆ ಬಿಸಿ ಅನಿಸುತ್ತದೆ. ತತ್ವಜ್ಞಾನಿ ಜಾನ್ ಲಾಕ್ 17ನೇ ಶತಮಾನದಲ್ಲೇ ಬರೆದಿಟ್ಟ ವಿಷಯ ಇದು. ಮೊದಲು ಬಂದದ್ದೇ ಅಳತೆಗೋಲು. ಅರೇಬಿಕಾ ಹಣ್ಣು ಐದಾರು ಕೆಜಿ ಬುಟ್ಟಿಯಲ್ಲಿ ತೋರಿಸಿ, ಅದೇ ಬುಟ್ಟಿಯ ತಳದಲ್ಲಿ ಅದರಿಂದ ಬರುವ ಒಂದು ಕೆಜಿ ಬೀಜ ತೋರಿಸಿ. ಬುಟ್ಟಿ ಬದಲಾಯಿಸಬೇಡಿ. 50 ಕೆಜಿ ಮೂಟೆಯ ರೇಟು ಹಾಕುವವರು ತಾರೀಖು ಹಾಕಿ. ಹಳೇ ರೇಟಿನ ವಿಡಿಯೋ ನೋಡಿಕೊಂಡು ವ್ಯಾಪಾರಿ ಹತ್ತಿರ ಜಗಳಕ್ಕೆ ಹೋದವರನ್ನು ನೋಡಿದ್ದೇನೆ.

ಎಡಿಟಿಂಗ್ ಆ್ಯಪ್ ಯಾವುದು ಅಂತ ಕೇಳೋರಿಗೆ: ನಾನು ವಿಎನ್ ಬಳಸುತ್ತೇನೆ, ಇನ್‌ಶಾಟ್ ಕೂಡ ಸಾಕು. ಫಿಲ್ಟರ್ ಪ್ಯಾಕಿಗೆ ದುಡ್ಡು ಕೊಡಬೇಡಿ. ಆ ದುಡ್ಡಿಗೆ ಒಂದು ಕಾಲರ್ ಮೈಕ್ ತಗೊಳ್ಳಿ. ಬೋಯಾ ಕಂಪನಿಯ ವೈರ್ ಇರುವ ಮೈಕ್ ನನ್ನ ಮಟ್ಟಿಗೆ ಧಾರಾಳ. ವೈರ್ ಗಿಡಕ್ಕೆ ಸಿಕ್ಕಿಕೊಳ್ಳುತ್ತದೆ ಅನ್ನೋದು ನಿಜ, ಆದರೆ ಚಾರ್ಜ್ ಮಾಡೋದನ್ನು ಮರೆಯೋ ನಮ್ಮಂಥವರಿಗೆ ಅದೇ ಸರಿ. ಗಾಳಿಗೆ ಸ್ಪಂಜು ಸಾಲದು, ರೋಮದ ಟೋಪಿ ಹಾಕಿ. ಡ್ರೋನ್ ಬಾಡಿಗೆಗೆ ತರೋದು ಮದುವೆಗೆ ಇರಲಿ. ಮೇಲಿನಿಂದ ನೋಡಿದರೆ ಎಲ್ಲರ ತೋಟವೂ ಒಂದೇ ಹಸಿರು.

ಇನ್ನೊಂದು, ವ್ಯೂ ನೋಡಿ ಹಿಗ್ಗಬೇಡಿ. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ವಿಡಿಯೋ ಶುರುವಾದರೇ ಒಂದು ವ್ಯೂ, ಮತ್ತೆ ಸುತ್ತಿದರೆ ಇನ್ನೊಂದು. ತಳ್ಳಿಕೊಂಡು ಹೋದವರೂ ಲೆಕ್ಕಕ್ಕೆ ಬರುತ್ತಾರೆ. ಯೂಟ್ಯೂಬ್ ಸ್ಟುಡಿಯೋ ಆ್ಯಪ್‌ನಲ್ಲಿ ಎಷ್ಟು ಜನ ನಿಂತರು, ಎಷ್ಟು ಜನ ಸರಿಸಿದರು ಅಂತ ಬೇರೆಯೇ ತೋರಿಸುತ್ತದೆ, ಅದನ್ನು ನೋಡಿ. ಯಾವ ಸೆಕೆಂಡಿನಲ್ಲಿ ಎಷ್ಟು ಜನ ಉಳಿದರು ಅನ್ನೋ ಗ್ರಾಫಿನ ಗೆರೆ ಎಲ್ಲಿ ಧೊಪ್ಪನೆ ಬಿದ್ದಿದೆಯೋ ಆ ಸೆಕೆಂಡಿಗೆ ಹೋಗಿ ನಿಮ್ಮದೇ ವಿಡಿಯೋ ನೋಡಿ. ಹೆಚ್ಚಾಗಿ ಅಲ್ಲಿ ನೀವು ನಿಮ್ಮ ಪರಿಚಯ ಹೇಳುತ್ತಿರುತ್ತೀರಿ.

"ಒಂದೇ ತಿಂಗಳಲ್ಲಿ" ವಿಡಿಯೋ ದಯವಿಟ್ಟು ತೆಗೆದುಹಾಕಿ. ಅದನ್ನು ನಂಬಿ ಯಾರಾದರೂ ಗಿಡ ಕೀಳದೆ ಬಿಟ್ಟರೆ ಪಕ್ಕದ ತೋಟಕ್ಕೂ ತೊಂದರೆ. ಕಾಮೆಂಟಿನಲ್ಲಿ ಔಷಧದ ಡೋಸ್ ಕೇಳಿದವರಿಗೆ ಅಂದಾಜಿನ ಮೇಲೆ ಹೇಳಬೇಡಿ, ಡಬ್ಬಿ ಮೇಲಿನ ಲೇಬಲ್ ನೋಡಿ ಅನ್ನಿ. ಹೊಸ ವಿಡಿಯೋ ಈ ತಿಂಗಳೇ ಮುಗಿಸಿಕೊಳ್ಳಿ, ಅಕ್ಟೋಬರ್‌ನಿಂದ ಬೋರರ್ ದುಂಬಿ ಹಾರೋಕೆ ಶುರು. ಸೀಳಿದ ಕಾಂಡ ಚೆನ್ನಾಗಿ ಕಾಣುತ್ತದೆ, ಇನ್ನೊಂದು ವಿಡಿಯೋಗೆ ಆಗುತ್ತದೆ ಅಂತ ಕಣದ ಮೂಲೆಯಲ್ಲಿ ಒಟ್ಟಿಡಬೇಡಿ. ಒಳಗಿನ ಹುಳ ದುಂಬಿಯಾಗಿ ಅಲ್ಲಿಂದಲೇ ಹೊರಗೆ ಬರುತ್ತದೆ. ಶಾಟ್ ಮುಗಿದ ದಿನವೇ ಸುಟ್ಟುಬಿಡಿ.