ನನ್ನ ಬದುಕಿನ ಬಗ್ಗೆ ಬರೆದದ್ದನ್ನು ಊರವರೆಲ್ಲ ಆಡಿಕೊಳ್ಳುತ್ತಿದ್ದಾರೆ. ಅಳಿಸಿಬಿಡಲಾ, ಉತ್ತರ ಕೊಡಲಾ?

ನಿಮ್ಮ ಪ್ರಶ್ನೆ ಓದಿದೆ. ಅಪ್ಪ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು. ನೀವೇ ನೋಡಿಕೊಂಡಿರಿ. ಅವರು ತೀರಿಕೊಂಡ ಮೇಲೆ ನಿಮ್ಮ ಬ್ಲಾಗಿನಲ್ಲಿ ಅದರ ಬಗ್ಗೆ ಉದ್ದಕ್ಕೆ ಬರೆದಿರಿ. ಅದರಲ್ಲಿದ್ದ "ಅಪ್ಪ ಹೋದಾಗ ನನಗೆ ಮೊದಲು ಅನಿಸಿದ್ದು ನಿರಾಳ" ಎಂಬ ಒಂದು ಸಾಲನ್ನು ಯಾರೋ ಸ್ಕ್ರೀನ್‌ಶಾಟ್ ತೆಗೆದು ಹಾಕಿದ್ದಾರೆ. ಈಗ ಗುರುತು ಪರಿಚಯ ಇಲ್ಲದವರೆಲ್ಲ ನೀವು ಎಂಥ ಮಗ ಅಂತ ತೀರ್ಪು ಕೊಡುತ್ತಿದ್ದಾರೆ. ಅಳಿಸಲಾ, ಉತ್ತರ ಕೊಡಲಾ, ಬರೆಯುವುದನ್ನೇ ಬಿಡಲಾ ಅಂತ ಕೇಳಿದ್ದೀರಿ.

ಅಳಿಸಬೇಡಿ. ಉತ್ತರ ಇವತ್ತೇ ಬೇಡ. ಮೂರನೆಯದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮನೆಯವರಿಗೆ ಫೋನ್ ಮಾಡಿ.

ಅಮ್ಮ ಮತ್ತು ತಮ್ಮ ಇದ್ದಾರೆ ಅಂತ ಬರೆದಿದ್ದೀರಿ. ಅವರು ನಿಮ್ಮ ಬರಹ ಓದಿದ್ದಾರಾ ಅಂತ ಹೇಳಿಲ್ಲ. ಆ ಸ್ಕ್ರೀನ್‌ಶಾಟ್ ಇವತ್ತಲ್ಲ ನಾಳೆ ನೆಂಟರ ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತದೆ, "ಇದು ನಿಮ್ಮವನೇ ಅಲ್ವಾ?" ಅಂತ. ಅಷ್ಟರೊಳಗೆ ನೀವೇ ಹೇಳಿರಬೇಕು. ಪೂರ್ತಿ ಬರಹ ಓದಿ ಹೇಳಿ, ಬರೀ ಆ ಸಾಲನ್ನಲ್ಲ. ಅವರು ಬೇಜಾರು ಮಾಡಿಕೊಳ್ಳಬಹುದು, ಕೋಪ ಮಾಡಿಕೊಳ್ಳಬಹುದು. ಆ ಹಕ್ಕು ಅವರಿಗಿದೆ. ತೀರಿಕೊಂಡವರು ನಿಮ್ಮೊಬ್ಬರಿಗೇ ಸೇರಿದವರಲ್ಲವಲ್ಲ. ಇಂಟರ್ನೆಟ್ಟಿನಲ್ಲಿ ಕೂಗಾಡುತ್ತಿರುವವರಿಗೆ ನೀವು ವಿವರಣೆ ಕೊಡಬೇಕಿಲ್ಲ, ಆದರೆ ಇವರಿಗೆ ಕೊಡಬೇಕು. ನಮ್ಮ ಬದುಕಿನ ಬಗ್ಗೆ ಬರೆಯುವಾಗ ನಾವೊಬ್ಬರೇ ಬೀದಿಗೆ ಬರುವುದಿಲ್ಲ. ಕೇಳದೆಯೇ ನಾಲ್ಕು ಜನರನ್ನು ಜೊತೆಗೆ ಎಳೆದುಕೊಂಡು ಬಂದಿರುತ್ತೇವೆ.

ನನಗೂ ಇಂಥದ್ದು ಆಗಿತ್ತು. ಒಂದೇ ಮಗು ಸಾಕು ಅಂತ ನಾವಿಬ್ಬರೂ ತೀರ್ಮಾನಿಸಿದ್ದರ ಬಗ್ಗೆ ಬರೆದಿದ್ದೆ. "ಮತ್ತೆ ಆ ದಿನಗಳಿಗೆ ಹೋಗುವ ಶಕ್ತಿ ನನಗಿಲ್ಲ" ಅಂತ ಒಂದು ಸಾಲಿತ್ತು. ಮುಂದಿನ ಸಾಲಿನಲ್ಲೇ ಹೆರಿಗೆ ಆದ ಮೇಲೆ ನನಗೆ ಬಂದ ಖಿನ್ನತೆಯ ಮಾತಿತ್ತು. ಕತ್ತರಿ ಹಾಕಿದವರು ಸರಿಯಾಗಿ ಆ ಎರಡು ಸಾಲುಗಳ ನಡುವೆ ಹಾಕಿದ್ದರು. ಚಿತ್ರದ ಕೆಳಗಿನ ಅಂಚಿನಲ್ಲಿ ಮುಂದಿನ ಸಾಲಿನ ಅಕ್ಷರಗಳ ತಲೆಕಟ್ಟು ಮಾತ್ರ ಇಣುಕುತ್ತಿತ್ತು. ದೊಡ್ಡದು ಮಾಡಿ ನೋಡಿದರೆ ಗೊತ್ತಾಗುತ್ತಿತ್ತು, ಇನ್ನೂ ಏನೋ ಇದೆ ಅಂತ. ಯಾರೂ ದೊಡ್ಡದು ಮಾಡಿ ನೋಡಲಿಲ್ಲ.

ನನ್ನನ್ನು ಕೆರಳಿಸಿದ್ದು ಬೈಗುಳಕ್ಕಿಂತ ಜಾಸ್ತಿ ಅದೇ. ಮಲಗುವ ಹೊತ್ತಿನಲ್ಲಿ ಫೋನ್ ಹಿಡಿದು ಹೆಬ್ಬೆರಳಿನಿಂದ ಪುಟ ಕೆಳಗೆಳೆದು ಎಳೆದು ಹೊಸ ಕಮೆಂಟ್ ಬಂತಾ ಅಂತ ನೋಡುತ್ತಿದ್ದೆ. ಒಬ್ಬರು ಹಳೆಯ ಫೋಟೋ ಹುಡುಕಿ ತೆಗೆದು ನನ್ನ ಕೂದಲಿನ ಬಗ್ಗೆ ಬರೆದಿದ್ದರು. ಇನ್ನೊಬ್ಬರು ನನಗೆ ಯಾವ ಕಾಯಿಲೆ ಇದೆ ಅಂತ ಪತ್ತೆ ಹಚ್ಚಿದ್ದರು. ನೂರು ಜನ ಸುಮ್ಮನೆ ಓದಿಕೊಂಡು ಹೋದದ್ದು ಕಾಣುವುದಿಲ್ಲ, ಬೈದ ಹತ್ತು ಜನ ಮಾತ್ರ ಕಾಣುತ್ತಾರೆ. ಅವರೇ ಇಡೀ ಜಗತ್ತು ಅನ್ನಿಸಿಬಿಡುತ್ತದೆ.

ಈ ಅನ್ನಿಸಿಕೆಯ ಬಗ್ಗೆ ಒಂದು ಒಳ್ಳೆಯ ಪ್ರಯೋಗ ಇದೆ. ಅಮೆರಿಕದ ಮನಃಶಾಸ್ತ್ರಜ್ಞ ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು 2000ರಲ್ಲಿ ಪ್ರಕಟಿಸಿದ್ದು. ಹಾಕಿಕೊಳ್ಳಲು ಮುಜುಗರವಾಗುವಂಥ ಟೀ ಶರ್ಟ್ ಕೊಟ್ಟು ಒಬ್ಬ ವಿದ್ಯಾರ್ಥಿಯನ್ನು ಜನ ಕೂತಿರುವ ಕೋಣೆಗೆ ಕಳಿಸಿದರು. ಅದರ ಮೇಲೆ ಬ್ಯಾರಿ ಮ್ಯಾನಿಲೋ ಎಂಬ ಗಾಯಕನ ಮುಖ ಇತ್ತು. ಎಷ್ಟು ಜನ ಗಮನಿಸಿರಬಹುದು ಅಂತ ಆಮೇಲೆ ಕೇಳಿದರೆ, ಹಾಕಿಕೊಂಡವರ ಅಂದಾಜು ಹೆಚ್ಚುಕಡಿಮೆ ಅರ್ಧದಷ್ಟು ಜನ ಅಂತ. ನಿಜವಾಗಿ ಗಮನಿಸಿದ್ದು ಸುಮಾರು ಕಾಲು ಭಾಗ. ಇಂಟರ್ನೆಟ್ ಒಂದು ಕೋಣೆ ಅಲ್ಲ, ಒಪ್ಪುತ್ತೇನೆ. ಇಲ್ಲಿ ನಿಮ್ಮನ್ನು ನಿಜವಾಗಿಯೂ ತುಂಬಾ ಜನ ನೋಡಿದ್ದಾರೆ. ಆದರೆ ನೋಡಿದವರು ಎಷ್ಟು ಹೊತ್ತು ನಿಮ್ಮನ್ನು ತಲೆಯಲ್ಲಿ ಇಟ್ಟುಕೊಳ್ಳುತ್ತಾರೆ? ನಿಮ್ಮ ಮೇಲೆ ಕೆಂಡ ಕಾರಿದವರು ಅದಾದ ಮೇಲೆ ಬೇರೆ ಇನ್ನೇನಕ್ಕೋ ಕೆಂಡ ಕಾರಿದ್ದಾರೆ. ಅವರ ಖಾತೆ ತೆರೆದು ನೋಡಿದರೆ ಗೊತ್ತಾಗುತ್ತದೆ. (ತೆರೆಯಬೇಡಿ. ನಾನು ತೆರೆದು ನೋಡಿದ್ದೇನೆ, ಸಾಕು.)

ಈಗ ಅಳಿಸುವ ವಿಷಯ. 2003ರಲ್ಲಿ ಗಾಯಕಿ, ನಟಿ ಬಾರ್ಬ್ರಾ ಸ್ಟ್ರೈಸಾಂಡ್ ಒಬ್ಬ ಛಾಯಾಗ್ರಾಹಕನ ಮೇಲೆ 5 ಕೋಟಿ ಡಾಲರ್ ಪರಿಹಾರ ಕೇಳಿ ಕೇಸು ಹಾಕಿದರು. ಕ್ಯಾಲಿಫೋರ್ನಿಯಾದ ಕಡಲ ತೀರದ ಸವೆತ ದಾಖಲಿಸಲು ಆತ ಆಕಾಶದಿಂದ ತೆಗೆದ ಸಾವಿರಾರು ಫೋಟೋಗಳಲ್ಲಿ ಒಂದರಲ್ಲಿ ಆಕೆಯ ಮನೆ ಇತ್ತು. ಅದನ್ನು ತೆಗೆಸಬೇಕು ಅನ್ನುವುದು ಆಕೆಯ ಬೇಡಿಕೆ. ಕೇಸಿಗೆ ಮುಂಚೆ ಆ ಫೋಟೋ ಡೌನ್‌ಲೋಡ್ ಆಗಿದ್ದು 6 ಸಲ. ಅದರಲ್ಲೂ 2 ಸಲ ಆಕೆಯ ವಕೀಲರದ್ದೇ. ಕೇಸಿನ ಸುದ್ದಿ ಹರಡಿದ ಮೇಲೆ ಒಂದು ತಿಂಗಳಲ್ಲಿ 4 ಲಕ್ಷ 20 ಸಾವಿರಕ್ಕೂ ಹೆಚ್ಚು ಜನ ಆ ತಾಣಕ್ಕೆ ಬಂದರು. ಕೇಸೂ ಬಿದ್ದುಹೋಯಿತು. ಮುಚ್ಚಲು ಹೋಗಿ ಊರಿಗೆಲ್ಲ ತೋರಿಸುವ ಈ ಪಾಡಿಗೆ 2005ರಲ್ಲಿ ಮೈಕ್ ಮ್ಯಾಸ್ನಿಕ್ ಎಂಬ ಬ್ಲಾಗರ್ ಆಕೆಯ ಹೆಸರನ್ನೇ ಇಟ್ಟರು. ಈಗ ಎಲ್ಲರೂ ಅದನ್ನು ಸ್ಟ್ರೈಸಾಂಡ್ ಎಫೆಕ್ಟ್ ಅನ್ನುತ್ತಾರೆ.

ನೀವು ಸ್ಟ್ರೈಸಾಂಡ್ ಅಲ್ಲ, ಆದರೆ ಲೆಕ್ಕ ಅದೇ. ಗಲಾಟೆಯ ನಡುವೆ ಅಳಿಸಿದರೆ "ಓಡಿಹೋದ" ಅಂತ ಇನ್ನೊಂದು ಸುತ್ತು ಶುರುವಾಗುತ್ತದೆ. ಅಳಿಸಿದರೂ ಅಳಿಯುವುದಿಲ್ಲ ಅನ್ನುವುದು ಬೇರೆ. ಸ್ಕ್ರೀನ್‌ಶಾಟ್ ಅವರ ಹತ್ತಿರವೇ ಇದೆ. ಇಂಟರ್ನೆಟ್ ಆರ್ಕೈವ್‌ನವರ ವೇಬ್ಯಾಕ್ ಮಷೀನ್ ನಿಮ್ಮ ಪುಟದ ಪ್ರತಿಯನ್ನು ಎಂದೋ ತೆಗೆದಿಟ್ಟುಕೊಂಡಿರಬಹುದು. ಎಲ್ಲಕ್ಕಿಂತ ಮುಖ್ಯ, ನಿಮ್ಮ ಪರವಾಗಿ ಇರುವ ಒಂದೇ ಸಾಕ್ಷಿ ಆ ಪೂರ್ತಿ ಬರಹ. ಅದನ್ನು ತೆಗೆದರೆ ಉಳಿಯುವುದು ಅವರು ಕತ್ತರಿಸಿದ ತುಂಡು ಮಾತ್ರ. ನಿಜ ಏನು ಅಂತ ನೋಡಲು ಬರುವವರು ಸ್ವಲ್ಪ ಜನವಾದರೂ ಇರುತ್ತಾರೆ, ಅವರಿಗೆ ಬಾಗಿಲು ತೆರೆದಿರಲಿ. ಗುಟ್ಟಾಗಿ ಆ ಸಾಲು ತಿದ್ದುವುದೂ ಬೇಡ. ತಿದ್ದಲೇಬೇಕಾದರೆ ಏನು ತಿದ್ದಿದಿರಿ, ಯಾವತ್ತು ಅಂತ ಕೆಳಗೆ ಬರೆಯಿರಿ. ಕಮೆಂಟ್ ಬಾಕ್ಸನ್ನು ಮಾತ್ರ ಈಗಲೇ ಮುಚ್ಚಿ. ಅದು ನಿಮ್ಮ ಜಾಗ. ಅಲ್ಲಿ ಯಾರನ್ನು ಕೂರಿಸಬೇಕು ಅನ್ನುವುದು ನಿಮ್ಮ ಇಷ್ಟ.

ಬರಹದಲ್ಲಿ ಬೇರೆಯವರ ಗುಟ್ಟು, ಮನೆ ವಿಳಾಸ, ಆಸ್ಪತ್ರೆಯ ಕಾಗದದ ಫೋಟೋ ಇದ್ದರೆ ಈ ಮಾತು ಅನ್ವಯಿಸುವುದಿಲ್ಲ. ಅದನ್ನು ತಕ್ಷಣ ತೆಗೆಯಿರಿ, ಯಾರು ಏನೇ ಅನ್ನಲಿ.

ಉತ್ತರ ಕೊಡುವುದು ಯಾವಾಗ? ತಪ್ಪು ಮಾಹಿತಿ ಇದ್ದಾಗ ಮಾತ್ರ. "ನೀನು ಕಲ್ಲುಹೃದಯದವನು" ಅನ್ನುವುದು ಅವರ ಅಭಿಪ್ರಾಯ. ಅದಕ್ಕೆ ಉತ್ತರ ಇಲ್ಲ. ಹತ್ತು ಪುಟ ಬರೆದರೂ ನಿಮ್ಮ ಹೃದಯ ಮೆತ್ತಗಿದೆ ಅಂತ ಸಾಬೀತಾಗುವುದಿಲ್ಲ. "ಅಪ್ಪನನ್ನು ಕೊನೆಗೆ ಒಂಟಿಯಾಗಿ ಬಿಟ್ಟಿದ್ದ" ಅನ್ನುವುದು ಸುಳ್ಳು, ಅದನ್ನು ಸರಿಪಡಿಸಬಹುದು. ಸರಿಪಡಿಸುವುದು ಅವರ ಅಂಗಳದಲ್ಲಿ ಅಲ್ಲ, ನಿಮ್ಮದರಲ್ಲಿ. ಆ ಬರಹದ ಮೇಲ್ಭಾಗದಲ್ಲಿ.

ನಾನು ಮೊದಲು ಬರೆದುಕೊಂಡ ಉತ್ತರ "ನನ್ನ ಬಗ್ಗೆ ಏನೂ ಗೊತ್ತಿಲ್ಲದೆ ಮಾತಾಡುವ ನಿಮಗೆಲ್ಲ" ಅಂತ ಶುರುವಾಗಿ ಮೂರು ಪುಟ ಓಡಿತ್ತು. ಅದನ್ನು ಫೋನಿನ ನೋಟ್ಸ್‌ನಲ್ಲೇ ಬಿಟ್ಟೆ. ಕೊನೆಗೆ ಹಾಕಿದ್ದು ಇಷ್ಟು: "ಈ ಬರಹದ ಒಂದು ಸಾಲು ಬೇರೆ ಕಡೆ ಓಡಾಡುತ್ತಿದೆ. ಹೆರಿಗೆಯ ನಂತರದ ಖಿನ್ನತೆಯ ಬಗ್ಗೆ ಇರುವ ಭಾಗ ಆ ಚಿತ್ರದಲ್ಲಿ ಇಲ್ಲ. ಪೂರ್ತಿ ಬರಹ ಕೆಳಗಿದೆ." ಕೋಪ ಇಲ್ಲ, ಕ್ಷಮೆ ಇಲ್ಲ, ಯಾರ ಹೆಸರೂ ಇಲ್ಲ. ಅದನ್ನೂ ಸ್ಕ್ರೀನ್‌ಶಾಟ್ ತೆಗೆದು ಹಾಕಿದರು. ಆದರೆ ಅದರಲ್ಲಿ ಗೇಲಿ ಮಾಡಲು ಏನೂ ಸಿಗಲಿಲ್ಲ. ಅಳತೆಗೋಲು ಅದೇ. ಆ ಉತ್ತರವೂ ಕತ್ತರಿಗೆ ಸಿಗುತ್ತದೆ ಅಂದುಕೊಂಡೇ ಬರೆಯಿರಿ.

ಹೆಸರು ಹೇಳದೆ ಚುಚ್ಚುವ ಪೋಸ್ಟುಗಳು ಬರುತ್ತವೆ, "ಕೆಲವರಿಗೆ ಹೆತ್ತವರೂ ಬರೀ ಸರಕು" ಅನ್ನುವ ಥರದ್ದು. ಅಲ್ಲಿಗೆ ಹೋಗಿ "ಇದು ನನ್ನ ಬಗ್ಗೆಯೇ ತಾನೇ?" ಅಂತ ಕೇಳಬೇಡಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ದಾರಿ ಹಿಡಿದವರೂ ಇದ್ದಾರೆ. ಹೆದರ್ ಆರ್ಮ್‌ಸ್ಟ್ರಾಂಗ್ ಅಂತ ಅಮೆರಿಕದ ಬ್ಲಾಗರ್ ಇದ್ದರು. ಆಫೀಸಿನವರ ಬಗ್ಗೆ ಬರೆದು 2002ರಲ್ಲಿ ಕೆಲಸ ಕಳೆದುಕೊಂಡವರು. ಆಮೇಲೆ ತಾಯ್ತನ, ಖಿನ್ನತೆ ಎಲ್ಲದರ ಬಗ್ಗೆ ಬರೆದು ತುಂಬಾ ದೊಡ್ಡ ಹೆಸರಾದರು. ತಮಗೆ ಬಂದ ಬೈಗುಳಗಳನ್ನೆಲ್ಲ ಒಂದು ಪುಟದಲ್ಲಿ ಒಟ್ಟು ಹಾಕಿ, ಸುತ್ತ ಜಾಹೀರಾತು ಹಾಕಿ ದುಡ್ಡು ಮಾಡಿಕೊಂಡರು. ಓದುವಾಗ ಭೇಷ್ ಅನ್ನಿಸುತ್ತದೆ. ಆದರೆ ಆ ಪುಟ ಕಟ್ಟುವವರು ಪ್ರತಿಯೊಂದು ಬೈಗುಳವನ್ನೂ ಮತ್ತೆ ಓದಬೇಕಲ್ಲ? ನನಗಂತೂ ಆಗದು. ಅಪ್ಪನನ್ನು ಈಗಷ್ಟೇ ಕಳೆದುಕೊಂಡ ನಿಮಗೂ ಅದು ಬೇಡ.

ಹಾಗಾದರೆ ಬೈಗುಳ ಓದುವುದು ಯಾರು? ಬೇರೆಯವರು. ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ನನ್ನ ಗೆಳತಿಯೊಬ್ಬಳ ಕೈಗೆ ಆ ಕೆಲಸ ಕೊಟ್ಟೆ. ಬೆದರಿಕೆ, ನಮ್ಮ ಮನೆ ಅಥವಾ ಮಗಳ ಗುರುತು ಸಿಗುವ ಯಾವುದೇ ವಿಷಯ, ನೇರ ಸುಳ್ಳು, ಇಷ್ಟು ಕಂಡರೆ ಮಾತ್ರ ನನಗೆ ಹೇಳು ಅಂದೆ. ಉಳಿದದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ಅವಳಿಗೆ ಅದು ಅರ್ಧ ಗಂಟೆಯ ಬೇಸರದ ಕೆಲಸ. ನನಗಾಗಿದ್ದರೆ ರಾತ್ರಿಯೆಲ್ಲ ನಿದ್ದೆ ಕೆಡುತ್ತಿತ್ತು. ನಿಜವಾಗಿ ಯೋಚಿಸುವಂಥ ಟೀಕೆ ಇದ್ದರೆ ಅದನ್ನೂ ಅವಳು ಆರಿಸಿ ಇಟ್ಟಿದ್ದಳು, ಮನಸ್ಸು ತಣ್ಣಗಾದ ಮೇಲೆ ಕೊಟ್ಟಳು.

ಬೆದರಿಕೆ ಬಂದರೆ ಬ್ಲಾಕ್ ಮಾಡುವ ಮುಂಚೆ ದಿನಾಂಕ, ಖಾತೆಯ ಹೆಸರು, ಲಿಂಕ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಬ್ಲಾಕ್ ಮಾಡಿದ ಮೇಲೆ ಎಷ್ಟೋ ಕಡೆ ನಿಮಗೇ ಅದು ಕಾಣುವುದಿಲ್ಲ. ಆಮೇಲೆ ರಿಪೋರ್ಟ್ ಮಾಡಿ, ಗಂಭೀರ ಅನ್ನಿಸಿದರೆ ಪೊಲೀಸರ ಹತ್ತಿರ ಹೋಗಿ. ಸ್ವಂತ ಡೊಮೇನ್ ಇದ್ದರೆ ಅದರ ನೋಂದಣಿಯಲ್ಲಿ ನಿಮ್ಮ ವಿಳಾಸ, ಫೋನ್ ನಂಬರ್ ಹೊರಗೆ ಕಾಣುತ್ತಿದೆಯಾ ಅಂತ ಇವತ್ತೇ ನೋಡಿ. ಹಳೆಯ ಫೋಟೋಗಳ ಫೈಲಿನೊಳಗೆ ತೆಗೆದ ಜಾಗದ ಮಾಹಿತಿ ಉಳಿದಿರಬಹುದು, ಅದನ್ನೂ ನೋಡಿ. ಇಂಥವುಗಳನ್ನು ಪರಿಚಯದವರಲ್ಲಿ ಕಂಪ್ಯೂಟರ್ ಚೆನ್ನಾಗಿ ಗೊತ್ತಿರುವವರಿಗೆ ವಹಿಸಿದರೂ ಆಯಿತು.

ಇನ್ನು ಬರೆಯುವುದನ್ನು ಬಿಡುವ ಮಾತು. ಈ ತಿಂಗಳು ಅದನ್ನು ತೀರ್ಮಾನಿಸಬೇಡಿ. ಬರೆಯಬೇಕು ಅನ್ನಿಸಿದರೆ ಬರೆದು ಡ್ರಾಫ್ಟ್‌ನಲ್ಲಿ ಇಡಿ. ಮತ್ತೆ ಪ್ರಕಟಿಸುವಾಗ ಈ ಗಲಾಟೆಯ ಬಗ್ಗೆ ಮಾತೇ ಬೇಡ. ಇದು ಆಗದೇ ಇದ್ದಿದ್ದರೆ ಏನು ಬರೆಯುತ್ತಿದ್ದಿರೋ ಅದನ್ನು ಹಾಕಿ. ನಿಮ್ಮ ಹಳೆಯ ಓದುಗರಿಗೆ ಬೇಕಾಗಿರುವುದು ಅದೇ. ಬೇಡ, ನಿಲ್ಲಿಸುತ್ತೇನೆ ಅಂತಲೇ ಅನ್ನಿಸಿದರೆ ಅದೂ ಸರಿ, ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ಸುಮ್ನೆ ನಿಲ್ಲಿಸಿ. ವಿದಾಯದ ಪೋಸ್ಟ್ ಒಂದು ಮಾತ್ರ ಹಾಕಬೇಡಿ. ಅದರಲ್ಲೂ ಯಾವುದೋ ಒಂದು ಸಾಲು ಅವರಿಗೆ ಸಿಕ್ಕೇ ಸಿಗುತ್ತದೆ.