ಮೊದಲ ಸ್ಕ್ರಿಪ್ಟ್ ಬರೀ ನೋಡಲಿ, ಏನನ್ನೂ ಮುಟ್ಟದಿರಲಿ

ಪ್ರಶ್ನೆ: ನಾನು ಒಂದು ಕಾಲೇಜಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ವಯಸ್ಸು 38, ಓದಿದ್ದು ಡಿಪ್ಲೊಮಾ. ನಮ್ಮಲ್ಲಿ ಕಂಪ್ಯೂಟರುಗಳನ್ನು ನೆಟ್‌ವರ್ಕಿಗೆ ಜೋಡಿಸುವ 62 ಸ್ವಿಚ್‌ಗಳಿವೆ, ಹೆಚ್ಚಿನವು ಸಿಸ್ಕೊ ಕಂಪನಿಯವು. ಏನಾದರೂ ಬದಲಿಸಬೇಕೆಂದರೆ ಒಂದೊಂದಕ್ಕೂ ಪುಟ್ಟಿ ಎಂಬ ಪ್ರೋಗ್ರಾಮಿನಿಂದ ಲಾಗಿನ್ ಆಗಿ, ನೋಟ್‌ಪ್ಯಾಡಿನಲ್ಲಿ ಬರೆದಿಟ್ಟದ್ದನ್ನು ಪೇಸ್ಟ್ ಮಾಡುತ್ತೇನೆ. ಎರಡು ದಿನ ಹಿಡಿಯುತ್ತದೆ. ಇದನ್ನೆಲ್ಲ ಪ್ರೋಗ್ರಾಮಿನಿಂದ ಮಾಡಿಸುವ ಆಟೊಮೇಶನ್ ಕಲಿ ಎಂದು ಎಲ್ಲರೂ ಹೇಳುತ್ತಾರೆ. ಪೈಥಾನ್ ಕೋರ್ಸ್ ಎರಡು ಸಲ ಶುರು ಮಾಡಿ ಅರ್ಧಕ್ಕೇ ಬಿಟ್ಟೆ. ಆನ್ಸಿಬಲ್ ಎಂಬ ಆಟೊಮೇಶನ್ ಸಾಧನ ಕಲಿತರೆ ಪೈಥಾನ್ ಬೇಕಿಲ್ಲ ಅಂತಾರೆ, ನಿಜವೇ? ಎಲ್ಲಿಂದ ಶುರು ಮಾಡಲಿ ಮೇಡಂ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಅರ್ಧಕ್ಕೆ ಬಿಟ್ಟದ್ದಕ್ಕೆ ಬೇಸರ ಬೇಡ. ಆ ಕೋರ್ಸುಗಳು ಎಲ್ಲಿಂದ ಶುರುವಾಗುತ್ತವೆ ನೋಡಿ: ಸಮ ಸಂಖ್ಯೆಯೋ ಬೆಸ ಸಂಖ್ಯೆಯೋ, ನಕ್ಷತ್ರ ಚಿಹ್ನೆಗಳ ಪಿರಮಿಡ್ಡು. ನಿಮಗೆ ಬೇಕಾದದ್ದು ಮೂರನೇ ಮಹಡಿಯ ಸ್ವಿಚ್ಚು. ಅದರ ಮಾತು ಬರುವ ಹೊತ್ತಿಗೆ ಯಾರಿಗೆ ತಾನೇ ಆಸಕ್ತಿ ಉಳಿದಿರುತ್ತದೆ?

ಸದ್ಯಕ್ಕೆ ಪೈಥಾನಿನಲ್ಲಿ ನಿಮಗೆ ಬೇಕಾಗುವುದು ಇಷ್ಟೇ. ವೇರಿಯಬಲ್, ಲಿಸ್ಟ್, ಡಿಕ್ಷನರಿ, ಫಾರ್ ಲೂಪ್, ಫೈಲ್ ಓದುವುದು, ಬರೆಯುವುದು, ಆಮೇಲೆ ತಪ್ಪು ಬಂದಾಗ ನಿಭಾಯಿಸುವ ಟ್ರೈ–ಎಕ್ಸೆಪ್ಟ್. ಕ್ಲಾಸು, ಡೆಕೊರೇಟರು ಎಲ್ಲ ಈಗ ಪಕ್ಕಕ್ಕಿಡಿ. ಇದರ ಜೊತೆಗೆ ನೆಟ್‌ಮಿಕೊ ಎಂಬ ಲೈಬ್ರರಿ ಹಾಕಿಕೊಳ್ಳಿ. ನೀವು ಪುಟ್ಟಿಯಲ್ಲಿ ಕೈಯಾರೆ ಮಾಡುವುದನ್ನೇ ಅದು ಮಾಡುತ್ತದೆ. ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿ) ಮೂಲಕ ಒಳಗೆ ಹೋಗುತ್ತದೆ, ಕಮಾಂಡ್ ಕೊಡುತ್ತದೆ, ಪ್ರಾಂಪ್ಟ್ ಬರುವ ತನಕ ಕಾಯುತ್ತದೆ, ಬಂದ ಉತ್ತರವನ್ನು ನಿಮ್ಮ ಕೈಗೆ ಕೊಡುತ್ತದೆ.

ಮೊದಲ ಸ್ಕ್ರಿಪ್ಟ್ ಯಾವುದು ಅಂದರೆ, ಬ್ಯಾಕಪ್. ಒಂದು ಟೆಕ್ಸ್ಟ್ ಫೈಲಿನಲ್ಲಿ ಸಾಲಿಗೊಂದರಂತೆ 62 ಐಪಿ ವಿಳಾಸ ಬರೆಯಿರಿ. ಸ್ಕ್ರಿಪ್ಟ್ ಒಂದೊಂದಕ್ಕೂ ಹೋಗಿ 'ಶೋ ರನ್ನಿಂಗ್-ಕಾನ್ಫಿಗ್' (ಈಗಿನ ಸೆಟ್ಟಿಂಗ್ ಪೂರ್ತಿ ತೋರಿಸುವ ಕಮಾಂಡ್) ಕೊಟ್ಟು, ಬಂದದ್ದನ್ನು ಆ ಸ್ವಿಚ್ಚಿನ ಹೆಸರಿನ ಫೈಲಿನಲ್ಲಿ ಇಡಲಿ. ಇಪ್ಪತ್ತು ಸಾಲಿನ ಒಳಗೆ ಮುಗಿಯುತ್ತದೆ. ಪಾಸ್‌ವರ್ಡನ್ನು ಸ್ಕ್ರಿಪ್ಟಿನ ಒಳಗೆ ಬರೆಯಬೇಡಿ. ಗೆಟ್‌ಪಾಸ್ ಬಳಸಿದರೆ ಓಡಿಸುವಾಗ ಅದೇ ಕೇಳುತ್ತದೆ. ಯಾವುದೋ ಒಂದು ಸ್ವಿಚ್ ಆಫ್ ಆಗಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲಬಾರದು, ಅದಕ್ಕೇ ಟ್ರೈ–ಎಕ್ಸೆಪ್ಟ್.

ಈ ಫೈಲುಗಳನ್ನು ಗಿಟ್‌ನಲ್ಲಿ ಹಾಕಿ, ಸ್ಕ್ರಿಪ್ಟನ್ನು ದಿನಾ ಬೆಳಿಗ್ಗೆ ಒಂದು ಸಲ ಓಡಿಸಿ. ನಿನ್ನೆಗೂ ಇವತ್ತಿಗೂ ಏನು ಬದಲಾಗಿದೆ ಎಂದು ಗಿಟ್ ಸಾಲು ಸಾಲಾಗಿ ತೋರಿಸುತ್ತದೆ. ಫೈಲಿನ ಮೇಲ್ಭಾಗದಲ್ಲಿ 'ಲಾಸ್ಟ್ ಕಾನ್ಫಿಗರೇಶನ್ ಚೇಂಜ್' ಎಂದು ತಾರೀಖಿರುವ ಸಾಲು ಬರುತ್ತದೆ. ಅದನ್ನೂ, 'ಬಿಲ್ಡಿಂಗ್ ಕಾನ್ಫಿಗರೇಶನ್' ಎಂಬ ಸಾಲನ್ನೂ ಬರೆಯುವ ಮುಂಚೆ ತೆಗೆದುಬಿಡಿ. ನನಗೆ ಈ ಕೆಲಸದಲ್ಲಿ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದೇ. ಯಾವ ಪೋರ್ಟಿನ ವಿಲ್ಯಾನ್ (ಒಂದೇ ನೆಟ್‌ವರ್ಕಿನೊಳಗಿನ ಪ್ರತ್ಯೇಕ ವಿಭಾಗ) ಬದಲಾಗಿದೆ, ಯಾವ ಸ್ವಿಚ್ಚಿನಲ್ಲಿ ಸುರಕ್ಷಿತವಲ್ಲದ ಹಳೆಯ ಟೆಲ್‌ನೆಟ್ ಲಾಗಿನ್ ಇನ್ನೂ ತೆರೆದಿದೆ, ಯಾವುದಕ್ಕೆ ಗಡಿಯಾರ ಸರಿಹೊಂದಿಸುವ ಎನ್‌ಟಿಪಿ ಹಾಕಿಯೇ ಇಲ್ಲ, ಎಲ್ಲವೂ ಕಣ್ಣ ಮುಂದೆ ಬರುತ್ತದೆ. ಎರಡು ತಿಂಗಳು ಸುಮ್ನೆ ಇದನ್ನೇ ಮಾಡಿ. ಬರೀ ನೋಡಿ, ಏನನ್ನೂ ಮುಟ್ಟಬೇಡಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ ನಾನು ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಮೂರು ಶೆಡ್ಡು, 14 ಸ್ವಿಚ್ಚು. ಹೊಸ ಕ್ಯಾಮೆರಾಗಳಿಗಾಗಿ ವಿಲ್ಯಾನ್ 50 ಬೇಕಿತ್ತು. ಪ್ರತಿ ಸ್ವಿಚ್ಚಿನ ಅಪ್‌ಲಿಂಕ್ ಟ್ರಂಕಿಗೆ, ಅಂದರೆ ಹಲವು ವಿಲ್ಯಾನ್‌ಗಳನ್ನು ಮೇಲಿನ ಸ್ವಿಚ್ಚಿಗೆ ಒಯ್ಯುವ ಕೊಂಡಿಗೆ, ಅದನ್ನು ಸೇರಿಸಬೇಕು. ಬರೆಯಬೇಕಿದ್ದ ಸಾಲು 'ಸ್ವಿಚ್‌ಪೋರ್ಟ್ ಟ್ರಂಕ್ ಅಲೋಡ್ ವಿಲ್ಯಾನ್ ಆ್ಯಡ್ 50'. ನಾನು 'ಆ್ಯಡ್' ಬಿಟ್ಟಿದ್ದೆ. ಆ ಒಂದು ಪದ ಇಲ್ಲದಿದ್ದರೆ ಅರ್ಥವೇ ಬೇರೆ: ಇದ್ದದ್ದೆಲ್ಲ ತೆಗೆ, 50 ಒಂದೇ ಇರಲಿ.

ಸಂಜೆ ಪಾಳಿ ನಡೆಯುತ್ತಿತ್ತು. ಮೊದಲ ಸ್ವಿಚ್ ಆ ಸಾಲು ತೆಗೆದುಕೊಂಡ ಕೂಡಲೇ ಅದರ ಮ್ಯಾನೇಜ್‌ಮೆಂಟ್ ವಿಲ್ಯಾನ್, ಅಂದರೆ ನಾನು ಲಾಗಿನ್ ಆಗುವ ದಾರಿ, ಕಡಿದುಹೋಯಿತು. ಕೈಯಲ್ಲಿ ಮಾಡಿದ್ದರೆ ಅಲ್ಲೇ ನಿಲ್ಲಿಸುತ್ತಿದ್ದೆ. ಆದರೆ ಬ್ಯಾಕಪ್ ಸ್ಕ್ರಿಪ್ಟಿನಿಂದ ನಾನು ಟ್ರೈ–ಎಕ್ಸೆಪ್ಟನ್ನೂ ಹಾಗೇ ಎತ್ತಿ ತಂದಿದ್ದೆ. ಸಂಪರ್ಕ ಹೋಯಿತಾ, ಸರಿ, ಮುಂದಿನದಕ್ಕೆ ನಡೆ. ಹೀಗೆ 14ಕ್ಕೆ 14 ಹೋದವು. ಶೆಡ್ಡಿನಲ್ಲಿ ಬಾರ್‌ಕೋಡ್ ಸ್ಕ್ಯಾನರ್ ಹಿಡಿದವರೆಲ್ಲ ಕೆಲಸ ನಿಲ್ಲಿಸಿ ನಿಂತರು. ಸ್ಕ್ರಿಪ್ಟಿನಲ್ಲಿ ಬದಲಾವಣೆಯನ್ನು ಸೇವ್ ಮಾಡುವ 'ರೈಟ್ ಮೆಮೊರಿ' ಇರಲಿಲ್ಲ, ಅದೊಂದೇ ನಮ್ಮನ್ನು ಉಳಿಸಿತು. ಸೆಕ್ಯುರಿಟಿಯವರಿಂದ ಬೀಗದ ಕೈ ಇಸಿದುಕೊಂಡು, ಒಂದೊಂದೇ ರ‍್ಯಾಕಿನ ಹತ್ತಿರ ಹೋಗಿ ಪವರ್ ತೆಗೆದು ಹಾಕಿದೆ. ಸ್ವಿಚ್ ಹಳೆಯ ಕಾನ್ಫಿಗ್ ಓದಿಕೊಂಡು ಎದ್ದಿತು. ಕೆಲಸ ನಿಂತ ಆ ಜನರ ಮುಖ ನನಗೆ ಇವತ್ತಿಗೂ ನೆನಪಿದೆ.

ಅದಕ್ಕೇ ಹೇಳುತ್ತೇನೆ. ಓದುವ ಸ್ಕ್ರಿಪ್ಟ್ ತಪ್ಪಾದರೂ ಮುಂದಕ್ಕೆ ಹೋಗಲಿ, ಬದಲಿಸುವ ಸ್ಕ್ರಿಪ್ಟ್ ಮೊದಲ ತಪ್ಪಿಗೇ ನಿಲ್ಲಲಿ. ಬದಲಿಸುವ ಮುಂಚೆ ಸಿಸ್ಕೊ ಸ್ವಿಚ್ಚಿಗೆ 'ರೀಲೋಡ್ ಇನ್ 10' ಕೊಡಿ. ಎಲ್ಲ ಸರಿ ಇದ್ದರೆ ಹತ್ತು ನಿಮಿಷದೊಳಗೆ 'ರೀಲೋಡ್ ಕ್ಯಾನ್ಸಲ್' ಮಾಡಿ, ಆಮೇಲೆ ಸೇವ್ ಮಾಡಿ. ನೀವೇ ಹೊರಗೆ ಸಿಕ್ಕಿಕೊಂಡರೆ ಸ್ವಿಚ್ ತಾನಾಗಿ ರೀಸ್ಟಾರ್ಟ್ ಆಗಿ ಹಳೆಯ ಸ್ಥಿತಿಗೆ ಬರುತ್ತದೆ. ರಾತ್ರಿ ಬೀಗದ ಕೈ ಹುಡುಕುವ ಕೆಲಸ ಇಲ್ಲ. ಜೂನಿಪರ್ ಕಂಪನಿಯ ಸ್ವಿಚ್ಚಿನಲ್ಲಿ ಇದು ಇನ್ನೂ ಸಲೀಸು. 'ಕಮಿಟ್ ಕನ್‌ಫರ್ಮ್ಡ್' ಕೊಟ್ಟು ಸುಮ್ಮನಿದ್ದರೆ ಹತ್ತು ನಿಮಿಷಕ್ಕೆ ಬದಲಾವಣೆ ವಾಪಸ್. ರೀಸ್ಟಾರ್ಟ್ ಕೂಡ ಬೇಕಿಲ್ಲ.

ಇನ್ನು ಆನ್ಸಿಬಲ್. 2012ರಲ್ಲಿ ಮೈಕೆಲ್ ಡಿಹಾನ್ ಶುರು ಮಾಡಿದ್ದು, 2015ರಲ್ಲಿ ರೆಡ್ ಹ್ಯಾಟ್ ಕೊಂಡುಕೊಂಡಿತು. ಅದು ಬಂದರೆ ಪೈಥಾನ್ ಬೇಡ ಅನ್ನುವುದು ಅರ್ಧ ಸತ್ಯ. ಪ್ಲೇಬುಕ್ (ಮಾಡಬೇಕಾದ ಕೆಲಸಗಳ ಪಟ್ಟಿ) ಬರೆಯಲು ವೈಎಎಂಎಲ್ ಎಂಬ ಸರಳ ಬರವಣಿಗೆಯ ರೂಪ ಸಾಕು, ಸ್ವಿಚ್ಚಿನ ಮೇಲೆ ಯಾವ ಸಾಫ್ಟ್‌ವೇರೂ ಹಾಕಬೇಕಿಲ್ಲ. ಆದರೆ ಅದು ಎಡವಿದಾಗ ಯಾಕೆ ಎಂದು ತಿಳಿಯಲು ಪೈಥಾನ್ ಗೊತ್ತಿದ್ದವರಿಗೇ ಸುಲಭ. ಹಾಗಾಗಿ ಮೊದಲು ನೆಟ್‌ಮಿಕೊ, ಮೂರನೇ ತಿಂಗಳಿಗೆ ಆನ್ಸಿಬಲ್. ವೈಎಎಂಎಲ್‌ನಲ್ಲಿ ಟ್ಯಾಬ್ ನಡೆಯುವುದಿಲ್ಲ, ಸ್ಪೇಸ್‌ನಲ್ಲೇ ಸರಿಸಬೇಕು. ಒಂದು ಸ್ಪೇಸ್ ಜಾಸ್ತಿಯಾದರೂ ತಕರಾರು ತೆಗೆಯುತ್ತದೆ. ನಿಮ್ಮದು ವಿಂಡೋಸ್ ಆದರೆ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿಕೊಂಡು ಅದರೊಳಗೆ ಓಡಿಸಿ, ಆನ್ಸಿಬಲ್ ನೇರ ವಿಂಡೋಸ್ ಮೇಲಿಂದ ಓಡುವುದಿಲ್ಲ.

ಆನ್ಸಿಬಲ್‌ನಲ್ಲಿ ನನಗೆ ಮೆಚ್ಚುಗೆಯಾದದ್ದು ಒಂದಿದೆ. ಟ್ರಂಕಿನ ವಿಲ್ಯಾನ್ ಬದಲಿಸುವ ಮಾಡ್ಯೂಲಿನಲ್ಲಿ 'ಸ್ಟೇಟ್' ಎಂಬ ಸಾಲಿರುತ್ತದೆ. 'ಮರ್ಜ್ಡ್' ಎಂದರೆ ಇದ್ದದ್ದರ ಜೊತೆ ಸೇರಿಸು, 'ರಿಪ್ಲೇಸ್ಡ್' ಎಂದರೆ ಅದನ್ನು ತೆಗೆದು ಇದನ್ನು ಹಾಕು. ನಾನು ಅಂದು ಬಿಟ್ಟ 'ಆ್ಯಡ್' ಇಲ್ಲಿ ಬಾಯಿಬಿಟ್ಟು ಹೇಳಿದ ಹಾಗೆ ಕಣ್ಣಿಗೆ ಕಾಣುತ್ತದೆ. ಜೊತೆಗೆ 'ಚೆಕ್' ಮತ್ತು 'ಡಿಫ್' ಆಯ್ಕೆ ಕೊಟ್ಟು ಮೊದಲು ಒಣ ಓಟ (ಏನನ್ನೂ ಬದಲಿಸದ ಪರೀಕ್ಷೆ) ಓಡಿಸಿ. ಆಮೇಲೆ 'ಲಿಮಿಟ್' ಕೊಟ್ಟು ಒಂದೇ ಸ್ವಿಚ್ಚಿನ ಮೇಲೆ. ಅದೂ ಪ್ರಿನ್ಸಿಪಾಲರ ಕೊಠಡಿಯದ್ದಲ್ಲ, ನಿಮ್ಮ ಮೇಜಿನ ಪಕ್ಕದ್ದು.

ಪ್ರಶ್ನೆ: ಬಿ.ಇ. ಕೊನೆಯ ವರ್ಷದಲ್ಲಿದ್ದೇನೆ. ಸಿಸ್ಕೊದ ಸಿಸಿಎನ್‌ಎ ಪರೀಕ್ಷೆಗೆ ಓದುತ್ತಿದ್ದೇನೆ. ಆಟೊಮೇಶನ್ ಅಭ್ಯಾಸ ಮಾಡಲು ಸ್ವಿಚ್ ಕೊಳ್ಳುವ ಶಕ್ತಿ ಇಲ್ಲ. 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್ ಇದೆ. ಸ್ವಿಚ್ಚನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ಪ್ಯಾಕೆಟ್ ಟ್ರೇಸರ್ ಸಾಕಾಗುತ್ತದಾ ಅಕ್ಕಾ?
— ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಕಮಾಂಡ್ ಕಲಿಯಲು ಸಾಕಮ್ಮ, ಬಿಡಬೇಡ. ಆದರೆ ನಿನ್ನ ಲ್ಯಾಪ್‌ಟಾಪಿನ ಪೈಥಾನ್, ಪ್ಯಾಕೆಟ್ ಟ್ರೇಸರ್ ಒಳಗಿನ ಸ್ವಿಚ್ಚಿಗೆ ಎಸ್‌ಎಸ್‌ಎಚ್‌ನಲ್ಲಿ ಹೋಗಲು ಆಗುವುದಿಲ್ಲ, ಅಲ್ವಾ? ಅದಕ್ಕೆ, ಲ್ಯಾಪ್‌ಟಾಪಿನೊಳಗೇ ಪುಟ್ಟ ನೆಟ್‌ವರ್ಕ್ ಕಟ್ಟುವ ಕಂಟೈನರ್‌ಲ್ಯಾಬ್ ನೋಡು. ಲಿನಕ್ಸ್ ಮೇಲೆ ಡಾಕರ್ ಹಾಕಿ, ಅದರಲ್ಲಿ ನೋಕಿಯಾದ ಸ್ವಿಚ್ ಸಾಫ್ಟ್‌ವೇರ್ ಆದ ಎಸ್‌ಆರ್ ಲಿನಕ್ಸ್ ಓಡಿಸಬಹುದು. ಇಮೇಜ್ ಉಚಿತ, ಲೈಸೆನ್ಸ್ ಇಲ್ಲದೆ ನಡೆಯುತ್ತದೆ. ನಿನ್ನ ಲ್ಯಾಪ್‌ಟಾಪಿನಲ್ಲಿ ಎರಡು ಇಟ್ಟುಕೋ, ಮೂರನೆಯದಕ್ಕೆ ಆಸೆಪಡಬೇಡ. ನೆಟ್‌ಮಿಕೊ ಅದಕ್ಕೂ ಮಾತಾಡುತ್ತದೆ. ಕಮಾಂಡುಗಳು ಸಿಸ್ಕೊದ ಹಾಗಿಲ್ಲ, ಅದು ಒಳ್ಳೆಯದೇ. ಹೊರಗೆ ಎಲ್ಲಾ ಕಡೆ ಒಂದೇ ಕಂಪನಿಯ ಸ್ವಿಚ್ಚು ಇರುವುದಿಲ್ಲ.

ಸಿಸಿಎನ್‌ಎಯಲ್ಲಿ ಆಟೊಮೇಶನ್ ಭಾಗಕ್ಕೆ 10 ಶೇಕಡಾ ಇದೆ, 2020ರಿಂದ. ಅದಕ್ಕೆ ಜೇಸನ್ (ಮಾಹಿತಿ ಬರೆಯುವ ಒಂದು ರೂಪ) ಓದಲು ಬರಬೇಕು, ಎಪಿಐ (ಪ್ರೋಗ್ರಾಮುಗಳು ಪರಸ್ಪರ ಮಾತಾಡುವ ದಾರಿ) ಅಂದರೇನು ತಿಳಿದಿರಬೇಕು. ಪರೀಕ್ಷೆಗೆ ಇಂಥ ಮೂಲ ತಿಳಿವಳಿಕೆ ಸಾಕು. ಕೆಲಸಕ್ಕೆ ಸಾಲದು.

ಮುಂದೆ ಯಾವಾಗಲಾದರೂ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆಯ ಸಿಸ್ಕೊ 2960 ಸ್ವಿಚ್ ಕೊಳ್ಳುವುದಾದರೆ, ದುಡ್ಡು ಕೊಡುವ ಮುಂಚೆ ಅಂಗಡಿಯವರಿಗೆ ಪವರ್ ಹಾಕಿಸಿ 'ಶೋ ವರ್ಶನ್' ಕೊಡಿಸು. ಇಮೇಜ್ ಹೆಸರಿನಲ್ಲಿ 'ಕೆ9' ಇರಬೇಕು. ಇಲ್ಲದಿದ್ದರೆ ಅದಕ್ಕೆ ಎಸ್‌ಎಸ್‌ಎಚ್ ಬರುವುದೇ ಇಲ್ಲ, ನಿನ್ನ ಸ್ಕ್ರಿಪ್ಟ್ ಬಾಗಿಲಲ್ಲೇ ನಿಲ್ಲುತ್ತದೆ.